ಎಡಗಡೆಯ ತೂಕ

ರಾಚಪ್ಪ ಖಾಲಿ ಗಾಡಿಗೆ ಕೈ ಹಾಕುತ್ತಿರಲಿಲ್ಲ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಊರು ಇನ್ನೇನು ಮುಗಿಯಿತು ಎನ್ನುವಲ್ಲಿ ಅವನ ತಗಡಿನ ಶೆಡ್ಡು. ಯಾರು ಏನು ತಂದು ನಿಲ್ಲಿಸಿದರೂ ಅವನು ಬಾನೆಟ್ಟಿನ ಕಡೆ ಹೋಗುತ್ತಿರಲಿಲ್ಲ. ನೆಟ್ಟಗೆ ಹಿಂದಕ್ಕೆ ಹೋಗಿ ಒಳಗೇನಿದೆ ಎಂದು ಇಣುಕುತ್ತಿದ್ದ. ಏನೂ ಇಲ್ಲವೆಂದರೆ ಮುಗಿಯಿತು. "ಬರೀ ಗಾಡಿ ಸುಳ್ಳು ಯೋಳ್ತದ ಸ್ವಾಮಿ. ದಿನಾ ಏನ್ ತುಂಬ್ತೀರೋ ಅದ್ನೇ ತುಂಬ್ಕಂಡ್ ಬನ್ನಿ, ಆಮೇಲ್ ನೋಡನ" ಎಂದು ಹೇಳಿ, ಮತ್ತೆ ಯಾವುದೋ ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದ. ದೂರದ ಊರುಗಳಿಂದ ಬಂದವರೂ ಬೈದುಕೊಳ್ಳುತ್ತ ವಾಪಸು ಹೋಗಿ ತುಂಬಿಕೊಂಡು ಬರುತ್ತಿದ್ದರು. ಹಾಗೆ ಬೈದುಕೊಂಡವರಲ್ಲಿ ನಾನೂ ಒಬ್ಬ.

ಹಳೆಯ ಫೋರ್‌ವೀಲ್ ಜೀಪುಗಳನ್ನು ಟಾರು ರಸ್ತೆಗೂ ಕಾಡುದಾರಿಗೂ ಒಗ್ಗಿಸುವುದರಲ್ಲಿ ನಮ್ಮ ಸೀಮೆಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ತುಂಬಿದ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ನಾಲ್ಕು ಚಕ್ರಗಳ ಮೇಲಿನ ಸಂದನ್ನು ಬೆರಳಿಟ್ಟು ಅಳೆಯುತ್ತಿದ್ದ. ಟೇಪು ಗೋಡೆಯಲ್ಲಿ ನೇತಾಡುತ್ತಿತ್ತು, ನಂಬಿಕೆ ಮಾತ್ರ ಬೆರಳಿನ ಮೇಲೆ. ಯಾವ ಮೂಲೆ ಕುಗ್ಗಿದೆಯೋ ಆ ಮೂಲೆಯ ಸ್ಪ್ರಿಂಗಿಗೆ ಒಂದು ಕಬ್ಬಿಣದ ಪಟ್ಟೆ ಸೇರಿಸುವುದು, ಎದ್ದ ಮೂಲೆಯಿಂದ ಒಂದು ತೆಗೆಯುವುದು, ಮತ್ತೆ ಬೆರಳಿಡುವುದು. ಎಲ್ಲ ಸರಿಯಾದ ಮೇಲೆ ಗಾಡಿಯ ಅಡಿಯಲ್ಲಿ, ಚಾಸಿಯ ಮೇಲೆ, ಆ ಮೂಲೆ ಯಾವುದರ ಭಾರ ಹೊರುತ್ತದೆ ಎಂದು ಬಿಳಿ ಪೇಂಟಿನಲ್ಲಿ ಬರೆದಿಡುತ್ತಿದ್ದ. ಚೆಂಡುಹೂವು ಸಾಗಿಸುವವನ ಗಾಡಿಯಡಿಯಲ್ಲಿ "ಹೂ", ತರಕಾರಿಯವನದರಲ್ಲಿ "ಕೋಸು". ಮತ್ತೆ ಯಾವತ್ತಾದರೂ ಆ ಗಾಡಿ ಬಂದರೆ ಮೊದಲು ಅದನ್ನು ಓದುತ್ತಿದ್ದ.

ಒಮ್ಮೆ ಮದುವೆಗಳಿಗೆ ಬ್ಯಾಂಡ್ ಬಾರಿಸುವವರ ಹಳೇ ಗಾಡಿ ಬಂದಿತ್ತು. ಇವನ ನಿಯಮದ ಪ್ರಕಾರ ಬ್ಯಾಂಡಿನವರೆಲ್ಲ ಡ್ರಮ್ಮು, ಕಹಳೆ ಸಮೇತ ಎರಡು ಗಂಟೆ ಹಿಂದೆ ಕುಳಿತಿರಬೇಕಾಯಿತು. ಬೇಸರಕ್ಕೆ ಅವರು ಬಾರಿಸಲು ಶುರು ಮಾಡಿದರು. ರಸ್ತೆಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು ಯಾರ ಮದುವೆ ಎಂದು ಕೇಳಿದ. ಗಾಡಿಯ ಕೆಳಗಿನಿಂದ ಉತ್ತರ ಬಂತು: "ನಂದೇ ಕಣ್ಲಾ. ಹೆಣ್ಣಿನ್ನೂ ಬಂದಿಲ್ಲ." ಎಲ್ಲರೂ ನಕ್ಕರು. ಅವನಿಗೆ ಆಗಲೇ ಐವತ್ತು ದಾಟಿತ್ತು. ಹೆಣ್ಣು ಬರುವ ಮಾತು ಮುಗಿದು ಎಷ್ಟೋ ವರ್ಷಗಳಾಗಿದ್ದವು.

ಆಳು ಸೊಟ್ಟಗಿನ ನುಗ್ಗೇಕಾಯಿ. ಎತ್ತರ, ತೆಳ್ಳಗೆ, ಸ್ವಲ್ಪ ಬಾಗಿದ ಬೆನ್ನು. ಮಾತು ಕಡಿಮೆ, ಆದರೆ ಕೆಲಸದ ವಿಷಯದಲ್ಲಿ ಯಾರ ಮುಲಾಜೂ ಇಲ್ಲ. ದೊಡ್ಡ ದೊಡ್ಡ ಟಯರು ಹಾಕಿಸಬೇಕೆಂದು ಒಬ್ಬ ಯುವಕ ಜೀಪು ತಂದಾಗ, "ಕೋಳಿಗೆ ಬೂಟ್ಸ್ ಹಾಕ್ದಂಗದ" ಎಂದ. ಬೆಟ್ಟ ಹತ್ತಬೇಕು ಎಂದು ಅವನು ಹಟ ಹಿಡಿದಾಗ, "ಗಾಡಿ ಮೊದ್ಲು ನಿಲ್ಬೇಕು, ಆಮೇಲ್ ತಿರುಗ್ಬೇಕು, ಹತ್ತದು ಕೊನೇಗೆ" ಎಂದ. ಬ್ರೇಕು ನೋಡಿಸು, ಸ್ಟೇರಿಂಗ್ ನೋಡಿಸು, ಟಯರಿನ ಮಾತು ಆಮೇಲೆ ಎಂದು ಅದರರ್ಥ. ಗಾಡಿಯಲ್ಲಿ ಯಾರು ಯಾರು ಓಡಾಡುತ್ತೀರಿ ಎಂದು ಕೇಳಿದ್ದಕ್ಕೆ ಯುವಕ ತಾನೊಬ್ಬನೇ ಎಂದ. ರಾಚಪ್ಪ, "ಒಬ್ಬ್ರಿಗೆ ಗಾಡಿ ಕಟ್ಟದು ಬಲು ಕಷ್ಟ" ಎಂದು ಅವನನ್ನು ಕಳಿಸಿಬಿಟ್ಟ.

ಶೆಡ್ಡಿನ ಹಿಂದೆ ಅವನದೇ ಒಂದು ಜೀಪು ತಾಡಪಾಲು ಹೊದ್ದು ನಿಂತಿತ್ತು. ಎಂಜಿನ್ನು ಹೊಸದರಂತೆ ಇದೆ, ಗೇರು ಬಾಕ್ಸು ಸರಿಯಿದೆ, ಸ್ಪ್ರಿಂಗುಗಳೇ ಇಲ್ಲ. ನಾಲ್ಕು ಮರದ ದಿಮ್ಮಿಗಳ ಮೇಲೆ ಕುಳಿತಿದೆ. ಯಾಕೆ ಮುಗಿಸಿಲ್ಲವೆಂದು ಕೇಳಿದ್ದೆ. ಏನು ತುಂಬುತ್ತೇನೆ ಎಂದು ಗೊತ್ತಿಲ್ಲದೆ ಹೇಗೆ ಮುಗಿಸಲಿ ಎಂದು ನನ್ನನ್ನೇ ಕೇಳಿದ.

ನಾನು ಚಾಮರಾಜನಗರದಲ್ಲಿ ದನದ ಡಾಕ್ಟರು. ಹರಾಜಿನಲ್ಲಿ ಕೊಂಡ ನನ್ನ ಜೀಪಿಗೆ ಎರಡು ಬದುಕು. ವಾರದ ಆರು ದಿನ ಟಾರು ರಸ್ತೆ: ಸಂತೆಮರಹಳ್ಳಿ, ಕುದೇರು, ಉಮ್ಮತ್ತೂರು ಎಂದು ಸುತ್ತುವುದು. ಭಾನುವಾರ ಮಾತ್ರ ಗುಂಡ್ಲುಪೇಟೆ ದಾಟಿ ಕಾಡಂಚಿನ ಗಿರಿಜನರ ಹಾಡಿಗಳಿಗೆ. ಅಲ್ಲಿಗೆ ಬಸ್ಸೂ ಇಲ್ಲ, ದನದ ಡಾಕ್ಟರೂ ಇಲ್ಲ. ಭಾನುವಾರಗಳಿಗೆ ನನ್ನ ಹೆಂಡತಿ ವಿಮಲೆಯೂ ಬರುತ್ತಿದ್ದಳು. ಅವಳು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ದನಗಳ ಮೇಲೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ, ಕಾಡುದಾರಿಯ ಕುಲುಕಾಟದ ಮೇಲಿತ್ತು.

ಹಳೇ ಜೀಪಿಗೆ ಹೊಸ ಬ್ರೇಕು, ಪವರ್ ಸ್ಟೇರಿಂಗ್, ಬೆಲ್ಟಿನ ಸೀಟು ಹಾಕಿಸಬೇಕೆಂದು ನಾನು ಮೊದಲ ಸಲ ಹೋದಾಗ ರಾಚಪ್ಪ ನನ್ನನ್ನೂ ವಾಪಸು ಅಟ್ಟಿದ. ಮುಂದಿನ ಭಾನುವಾರ ಔಷಧಿ ಪೆಟ್ಟಿಗೆ, ಹಗ್ಗ, ನೀರಿನ ಕ್ಯಾನು, ವಿಮಲೆ ಎಲ್ಲ ತುಂಬಿಕೊಂಡು ಹೋದೆ. ಅವಳು ಸ್ವಲ್ಪ ದಪ್ಪ. "ನನ್ನನ್ನೂ ತೂಕಕ್ಕೆ ಹಾಕ್ತಾರಾ?" ಎಂದು ದಾರಿಯುದ್ದಕ್ಕೂ ನಗುತ್ತಿದ್ದಳು. ಎಡಗಡೆ ಸೀಟಿನಲ್ಲಿ ಕುಳಿತು ಬೆಳಗಿನ ಹೊತ್ತೆಲ್ಲ ಮಕ್ಕಳ ಉತ್ತರ ಪತ್ರಿಕೆ ತಿದ್ದಿದಳು. ಕೆಳಗೆ ರಾಚಪ್ಪ ಬೆರಳಿಟ್ಟು ಅಳೆಯುತ್ತಿದ್ದ. ಎಡಗಡೆಗೆ ಒಂದು ಪಟ್ಟೆ ಜಾಸ್ತಿ ಬಿತ್ತು. ಚಾಸಿಯ ಮೇಲೆ "ಅಮ್ಮಾವ್ರು" ಎಂದು ಬರೆದ. ಹೊರಡುವಾಗ ನನ್ನನ್ನು ಕರೆದು, "ಅಮ್ಮಾವ್ರು ಇಳುದ್ರೆ ಎಡಗಡೆ ಒಂದ್ ಬೆರಳು ಎದ್ದ್ಬುಡ್ತದ ಡಾಕ್ಟ್ರೇ. ಇಳಿಸ್ಬೇಡಿ" ಎಂದ. ಅವಳು ಅದಕ್ಕೂ ನಕ್ಕಳು.

ನಾಲ್ಕು ವರ್ಷ ಆ ಜೀಪು ನಮ್ಮಿಬ್ಬರನ್ನೂ ನೆಟ್ಟಗೆ ಹೊತ್ತಿತು. ಆಮೇಲೆ ವಿಮಲೆಗೆ ಕಾಯಿಲೆ ಬಂತು, ಮೈಸೂರಿನ ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದಳು, ಅಷ್ಟೆ. ಅದರ ಬಗ್ಗೆ ಹೆಚ್ಚು ಹೇಳಲು ನನ್ನಿಂದ ಈಗಲೂ ಆಗುವುದಿಲ್ಲ.

ಅವಳು ಹೋದ ಮೇಲೆ ಜೀಪು ರಾಚಪ್ಪ ಹೇಳಿದಂತೆಯೇ ಭಾನುವಾರವೂ ಎಡಗಡೆ ಒಂದು ಬೆರಳು ಎದ್ದು ನಿಂತಿತು. ಅವಳಿಲ್ಲದ ವಾರದ ದಿನಗಳಲ್ಲಿ ಮೊದಲೂ ಹಾಗೇ ನಿಲ್ಲುತ್ತಿತ್ತು, ಆಗ ಅದು ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಬ್ರೇಕು ಹಾಕಿದರೆ ಬಲಕ್ಕೆ ಎಳೆಯುತ್ತಿತ್ತು. ಅದಕ್ಕಿಂತ ಆ ವಾಲಿದ ಸೀಟು ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ದಿನ ಒಂದು ಮೂಟೆ ಹಿಂಡಿ ತಂದು ಎಡಗಡೆ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದೆ. ಜೀಪು ಸಮವಾಯಿತು. ದನದ ಡಾಕ್ಟರ ಗಾಡಿಯಲ್ಲಿ ಹಿಂಡಿ ಮೂಟೆ ಇದ್ದರೆ ಯಾರೂ ಯಾಕೆಂದು ಕೇಳುವುದಿಲ್ಲ. ಬ್ರೇಕು ಸರಿಯಾಗಲಿ ಎಂದು ಇಟ್ಟಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹಸಿ ಸುಳ್ಳು. ಪಕ್ಕದಲ್ಲಿ ಏನಾದರೂ ಭಾರವಿರಬೇಕಿತ್ತು ನನಗೆ.

ಏಳು ತಿಂಗಳು ಹೀಗೆ ನಡೆಯಿತು. ಬ್ರೇಕಿನ ಆಯಿಲ್ ಸೋರತೊಡಗಿದಾಗ ಶೆಡ್ಡಿಗೆ ಹೋಗಲೇಬೇಕಾಯಿತು. ರಾಚಪ್ಪನಿಗೆ ವಿಮಲೆಯ ಸುದ್ದಿ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಅವನು ಎಂದಿನಂತೆ ಹಿಂದಕ್ಕೆ ಹೋಗಿ ಇಣುಕಿದ, ಮುಂದೆ ಬಂದ, ಬೆಲ್ಟು ಹಾಕಿದ ಮೂಟೆಯನ್ನು ನೋಡಿದ. ಈ ಮೂಟೆ ಯಾವೂರಿಗೆ ಹೋಗುತ್ತದೆ ಎಂದು ಕೇಳಿದ. ಎಲ್ಲಿಗೂ ಇಲ್ಲ ಎಂದೆ. ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಬಟ್ಟೆಯಿಂದ ಬೆರಳುಗಳನ್ನು ಒಂದೊಂದಾಗಿ ಬಹಳ ಹೊತ್ತು ಒರೆಸಿಕೊಂಡ.

ಬ್ರೇಕು ಮುಗಿಸಿದ ಮೇಲೆ ಹತ್ತಿರ ಬಂದು ನಿಂತ. "ಈ ಮೂಟೆ ನಂಬ್ಕಂಡ್ ಓಡಿಸ್ಬೇಡಿ ಡಾಕ್ಟ್ರೇ. ಒಂದ್ ದಿನ ಇಡೋದ್ ಮರೀತೀರಿ, ಬ್ರೇಕ್ ಹೊಡ್ದೇಟ್ಗೆ ಬಲಕ್ಕೆಳೀತದ, ಎದುರ್ಗೆ ಲಾರಿ ಬತ್ತದ. ಆ ಪಟ್ಟೆ ತಗುದ್ಬುಡನ, ಅರ್ಧ ಗಂಟೆ ಕೆಲ್ಸ."

ಬೇಡ ಎಂದೆ. ಸಿಟ್ಟಿನಿಂದಲೇ ಹೇಳಿದೆ ಎಂದು ಕಾಣುತ್ತದೆ. ಅವಳ ತೂಕಕ್ಕೆಂದು ಕಟ್ಟಿದ್ದು ಈ ಲೋಕದಲ್ಲಿ ಆ ಒಂದು ಪಟ್ಟೆ ಮಾತ್ರ ಉಳಿದಿತ್ತು. ಅದನ್ನೂ ಬಿಚ್ಚಿಸಿ ಎಸೆದು ಮನೆಗೆ ಹೋಗುವ ಧೈರ್ಯ ನನಗಿರಲಿಲ್ಲ.

ರಾಚಪ್ಪ ವಾದಿಸಲಿಲ್ಲ. ರಸ್ತೆಯ ಕಡೆ ನೋಡುತ್ತ, "ಹಂಗಾರೆ ಭಾನ್ವಾರ್ದ್ ಭಾರಕ್ಕೆ ನಾನೇ ಬತ್ತೀನಿ" ಎಂದ. ಸ್ವಲ್ಪ ಯೋಚಿಸಿ, "ಅಮ್ಮಾವ್ರಷ್ಟು ನಾನ್ ತೂಗಲ್ಲ. ಅರ್ಧ ಮೂಟೆ ಇರ್ಲಿ" ಎಂದು ಸೇರಿಸಿದ.

ಹೀಗೆ ಆ ಭಾನುವಾರಗಳು ಶುರುವಾದವು. ಎಂಟು ಗಂಟೆಗೆ ಶೆಡ್ಡಿನ ಮುಂದೆ ನಾನು ಹಾರ್ನ್ ಮಾಡುವ ಮೊದಲೇ, ಒಗೆದ ಬಿಳಿ ಅಂಗಿ ಹಾಕಿಕೊಂಡು ನಿಂತಿರುತ್ತಿದ್ದ. ಅರ್ಧ ಮೂಟೆ ಹಿಂಡಿಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದ. ದಾರಿಯಲ್ಲಿ ಮಾತೇ ಇಲ್ಲ. ಕಾಡುದಾರಿಗೆ ಇಳಿಯುವ ಮೊದಲು ನಾನು ಫೋರ್‌ವೀಲ್ ಗೇರು ಹಾಕುವುದು ಒಂದು ಕ್ಷಣ ತಡವಾದರೆ ಮಾತ್ರ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಹಾಡಿಯಲ್ಲಿ ನಾನು ಆಡಿಗೆ ಸೂಜಿ ಚುಚ್ಚುತ್ತಿದ್ದರೆ ಅವನು ಯಾರದೋ ಮನೆಯ ಮುರಿದ ಬಾಗಿಲಿಗೆ ತಂತಿ ಬಿಗಿಯುತ್ತಿದ್ದ. ಮಧ್ಯಾಹ್ನ ಇಬ್ಬರೂ ಜೀಪಿನ ನೆರಳಲ್ಲಿ ಕುಳಿತು ಅವನು ತಂದ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿನ್ನುತ್ತಿದ್ದೆವು. ಏಳು ತಿಂಗಳ ಮೇಲೆ ನನಗೆ ಊಟ ರುಚಿಸಿದ್ದು ಅಲ್ಲಿ. ಇದನ್ನು ಅವನಿಗೆ ಹೇಳಲಿಲ್ಲ.

ಮೂರು ತಿಂಗಳು ಕಳೆದಿರಬೇಕು. ಒಂದು ಹಾಡಿಯಲ್ಲಿ ಮುದುಕಿಯೊಬ್ಬಳ ಹಸು ಕರು ಹಾಕಿ ಎದ್ದು ನಿಲ್ಲಲಾರದೆ ಮಲಗಿತ್ತು. ಔಷಧಿಗಿಂತ ಅದಕ್ಕೆ ಮೇವು ಬೇಕಿತ್ತು. ರಾಚಪ್ಪ ಒಮ್ಮೆ ಹಸುವನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ನಾನೇ ಹೋಗಿ ಆ ಅರ್ಧ ಮೂಟೆಯನ್ನು ಹೊತ್ತು ತಂದು ಮುದುಕಿಯ ಮುಂದೆ ಇಳಿಸಿದೆ. ಹಸು ಮಲಗಿದಲ್ಲೇ ಮೂತಿ ಚಾಚಿತು. ವಾಪಸು ಬರುವಾಗ ಜೀಪು ಎಡಗಡೆ ಸ್ವಲ್ಪ ಎದ್ದೇ ಇತ್ತು, ಆದರೆ ಆ ದಿನ ಅದು ಚುಚ್ಚಲಿಲ್ಲ. ಶೆಡ್ಡಿನ ಮುಂದೆ ನಿಲ್ಲಿಸಿ, "ಆ ಪಟ್ಟೆ ತೆಗೆದುಬಿಡು ರಾಚಪ್ಪ" ಎಂದೆ.

ಅವನು ಒಂದು ಗಳಿಗೆ ಸೀಟಿನಿಂದ ಇಳಿಯಲೇ ಇಲ್ಲ. ಆಮೇಲೆ ಇಳಿದು, ಬಿಳಿ ಅಂಗಿ ಕಳಚಿಟ್ಟು, ಗಾಡಿಯ ಕೆಳಗೆ ಹೋದ. ಅರ್ಧ ಗಂಟೆ ಎಂದವನು ಎರಡು ಗಂಟೆ ತೆಗೆದುಕೊಂಡ. ಪಟ್ಟೆಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟ. "ಇನ್ ನಿಮ್ ಗಾಡಿ ಒಬ್ಬ್ರಿಗೆ ಸರಿಯಾಯ್ತು ಡಾಕ್ಟ್ರೇ" ಎಂದ.

ಎಂಥ ದಡ್ಡ ನಾನು. ಪಟ್ಟೆ ತೆಗೆಸಿದ ಮೇಲೆ ಭಾನುವಾರ ಅವನು ಬರಲು ಕಾರಣವೇ ಉಳಿಯಲಿಲ್ಲ. ಕಾರಣವಿಲ್ಲದೆ ಬರುವವನಲ್ಲ ಅವನು, ಕಾರಣವಿಲ್ಲದೆ ಕರೆಯುವವನಲ್ಲ ನಾನು. ಮರು ಭಾನುವಾರ ಶೆಡ್ಡಿನ ಮುಂದೆ ಹಾದುಹೋಗುವಾಗ ಅವನು ಯಾವುದೋ ಗಾಡಿಯ ಕೆಳಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಹಾರ್ನ್ ಮಾಡಿದೆ, ಅವನು ಅಲ್ಲಿಂದಲೇ ಕೈ ಆಡಿಸಿದ. ಆಮೇಲಿನ ವಾರಗಳಲ್ಲಿ ಎಷ್ಟೋ ಸಲ ಫೋನಿನಲ್ಲಿ ಅವನ ಹೆಸರು ತೆಗೆದು ನೋಡಿ, ಏನೆಂದು ಕರೆಯುವುದು ಎಂದು ಮತ್ತೆ ಜೇಬಿಗೆ ಇಟ್ಟುಕೊಂಡಿದ್ದೇನೆ. ಸುಮ್ಮನೆ ಬಾ ಎಂದಿದ್ದರೆ ಸಾಕಿತ್ತು.

ಐದು ತಿಂಗಳ ಮೇಲೆ, ಎರಡು ಭಾನುವಾರ ಶೆಡ್ಡು ಮುಚ್ಚಿದ್ದನ್ನು ಕಂಡು ಮೂರನೆಯ ವಾರ ಗಾಡಿ ನಿಲ್ಲಿಸಿದೆ. ಉಮ್ಮತ್ತೂರಿನಿಂದ ಬಂದಿದ್ದ ಅವನ ತಂಗಿ ಮಾದೇವಮ್ಮ ಸಾಮಾನು ಕಟ್ಟುತ್ತಿದ್ದಳು. ಎದೆ ನೋವು ಎಂದು ಶೆಡ್ಡಿನ ಬಾಗಿಲಲ್ಲಿ ಕುಳಿತವನು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಿದ್ದನಂತೆ. ಇಪ್ಪತ್ತು ದಿನವಾಗಿತ್ತು. ನನಗೆ ಯಾರು ತಿಳಿಸಬೇಕು? ನಾನು ಅವನಿಗೆ ಏನಾಗಬೇಕೆಂದು ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಶೆಡ್ಡಿನ ಹಿಂದಿದ್ದ ಅವನ ಜೀಪಿನ ಮೇಲೆ ತಾಡಪಾಲು ಇರಲಿಲ್ಲ. ಮರದ ದಿಮ್ಮಿಗಳೂ ಇರಲಿಲ್ಲ. ಗಾಡಿ ತನ್ನ ಚಕ್ರಗಳ ಮೇಲೆ ನಿಂತಿತ್ತು. ಹೊಸ ಸ್ಪ್ರಿಂಗು, ಹೊಸ ಬ್ರೇಕು, ಬೆಲ್ಟು ಹಾಕಿದ ಎರಡು ಸೀಟು.

"ಅಣ್ಣ ನಾಕ್ ತಿಂಗ್ಳಿಂದ ಇದ್ರ್ ಕೆಳ್ಗೇ ಬಿದ್ದಿತ್ತು ಸ್ವಾಮಿ" ಎಂದಳು ಮಾದೇವಮ್ಮ. "ಇದಾಯ್ತಿದ್ದಂಗೆ ಚಾಮ್ರಾಜ್ನಗರಕ್ಕೆ ಓಗಿ ಒಬ್ಬ್ರ ಕರ್ಕಂಬತ್ತೀನಿ ಕಣಮ್ಮಿ ಅಂತಿತ್ತು. ಯಾರ್ನಣ್ಣಾ ಅಂದ್ರೆ ಯೋಳ್ನಿಲ್ಲ."

ನಾನು ಮೊಣಕಾಲೂರಿ ಕುಳಿತು ಗಾಡಿಯ ಅಡಿಯಲ್ಲಿ ನೋಡಿದೆ. ಪೇಂಟು ಇನ್ನೂ ಹೊಸದಾಗಿತ್ತು. ಬಲಗಡೆ "ನಾನು" ಎಂದಿತ್ತು. ಎಡಗಡೆ "ಡಾಕ್ಟ್ರು".

ಮಾದೇವಮ್ಮ ಒಳಗೆ ಹೋಗುವ ತನಕ ಹಾಗೇ ಕುಳಿತಿದ್ದೆ. ಆಮೇಲೆ ಎದ್ದು, ಎಡಗಡೆ ಸೀಟು ಹತ್ತಿ, ಬೆಲ್ಟು ಹಾಕಿಕೊಂಡೆ. ಬಲಗಡೆ ಯಾರೂ ಇರಲಿಲ್ಲವಲ್ಲ, ಗಾಡಿ ಒಂದು ಬೆರಳು ನನ್ನ ಕಡೆಗೇ ವಾಲಿ ನಿಂತಿತು.