ಬೊಟ್ಟಿಟ್ಟ ರಿಕಾರ್ಡುಗಳು

ಮೊನ್ನೆ ಮುಂಜಾನೆ ಸೊಸೆ ತನ್ನ ಬೆಳ್ಳಿಯ ಸರ, ಕಾಲ್ಗೆಜ್ಜೆಗಳನ್ನೆಲ್ಲ ಬೋಗುಣಿಗೆ ಹಾಕಿಕೊಂಡು ಅಂಟವಾಳಕಾಯಿಯ ನೊರೆಯಲ್ಲಿ ತಿಕ್ಕುತ್ತ ಕೂತಿದ್ದಳು. ವಾಸನೆ ವರಾಂಡಕ್ಕೂ ಬಂತು. ನಾನು ಪೇಪರು ಮಡಚಿಟ್ಟು ಚಪ್ಪಲಿ ಹುಡುಕತೊಡಗಿದೆ. "ಮಾವಾರಿಗೆ ಈ ವಾಸನಿ ಆಗಿ ಬರೂದಿಲ್ಲ" ಎಂದು ಅವಳು ಮಗನಿಗೆ ಹೇಳಿದ್ದು ಕೇಳಿಸಿತು. ಆಗಿ ಬರುವುದಿಲ್ಲವೆಂದಲ್ಲ, ಆ ವಾಸನೆ ಮೂಗಿಗೆ ಬಡಿದರೆ ನನಗೆ ನಾಚಿಕೆಯಾಗುತ್ತದೆ. ಕಾಯಿಯ ವಾಸನೆಗೆ ಯಾರಾದರೂ ನಾಚುತ್ತಾರೆಯೇ ಎಂದು ನೀವು ಕೇಳಬಹುದು. ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ನಿಮಗೆ ಎಲ್ಲ ತಿಳಿದೀತೆಂದು ಮಾತ್ರ ಭರವಸೆ ಕೊಡಲಾರೆ, ಯಾಕೆಂದರೆ ನನಗೇ ಎಲ್ಲ ತಿಳಿದಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬಿ.ಎ. ಮುಗಿಸಿ, ನೌಕರಿಯ ದಾರಿ ನೋಡುತ್ತ, ಹಿಂದವಾಡಿಯಲ್ಲಿ ನಮ್ಮ ಕಾಕಾನ ಮನೆಯಲ್ಲಿದ್ದೆ. ಕಾಕಾ ಅಂದರೆ ನಮ್ಮಪ್ಪನ ತಮ್ಮ. ಅವರದು ಸ್ಪೀಕರ್ ಸೆಟ್ಟಿನ ಉದ್ಯೋಗ. ಒಂದು ರಿಕಾರ್ಡ್ ಪ್ಲೇಯರು, ಒಂದು ಆಂಪ್ಲಿಫೈಯರು, ಎರಡು ದೊಡ್ಡ ಭೋಂಗಾ ಅಂದರೆ ಕಹಳೆಯಂಥ ಸ್ಪೀಕರು, ಕರೆಂಟು ಹೋದರೆ ಇರಲೆಂದು ಒಂದು ಬ್ಯಾಟರಿ, ಮತ್ತು ಕಟ್ಟಿಗೆಯ ಪೆಟ್ಟಿಗೆಯಲ್ಲಿ ನೂರಾ ಹದಿನಾರು ರಿಕಾರ್ಡು. ಈ ಸಾಮಾನನ್ನು ಖಾನಾಪುರದ ಬಸ್ಸಿನ ಮೇಲಿನ ಟಪ್ಪಿಗೆ ಏರಿಸಿಕೊಂಡು ಹೋಗಿ ಊರೂರಿನ ಮದುವೆಯಲ್ಲಿ ಬೆಳಗಿನಿಂದ ಬೀಳ್ಕೊಡುವ ತನಕ ಹಾಡು ಹಚ್ಚುವುದು ಅವರ ಕೆಲಸ. ಇದಕ್ಕೆ ಒಂದೇ ಒಂದು ನಿಯಮವಿತ್ತು. ಭೋಂಗಾ ಬಂದ್ ಆಗಬಾರದು. ಮದುವೆಮನೆಯ ಭೋಂಗಾ ನಡುವೆ ಬಂದ್ ಆಯಿತೆಂದರೆ ಹೊಲದಲ್ಲಿದ್ದವರೂ ಕುಡುಗೋಲು ಬಿಟ್ಟು, ಏನೋ ಕೆಟ್ಟದ್ದು ನಡೆಯಿತೆಂದು ಓಡಿ ಬರುತ್ತಿದ್ದ ಕಾಲ ಅದು.

ಕಾಕಾ ಕೆಲಸ ಮಾಡುವ ರೀತಿಯೇ ಬೇರೆ. ಎಡಗೈ ಸದಾ ಆಂಪ್ಲಿಫೈಯರಿನ ಮೇಲೆ, ಕಣ್ಣು ಸದಾ ಮಂದಿಯ ಮೇಲೆ. ಯಂತ್ರದ ಮೇಲೆ ಅಷ್ಟು ಪ್ರೀತಿಯೇನೋ ಎಂದುಕೊಂಡಿದ್ದೆ. ಹಿಂದಿನಿಂದ ಯಾರು ಕರೆದರೂ ತಿರುಗುತ್ತಿರಲಿಲ್ಲ. ಅದಕ್ಕೇ ಕೆಲವರು ಅವರನ್ನು ಸೊಕ್ಕಿನವರೆಂದು ಆಡಿಕೊಳ್ಳುತ್ತಿದ್ದರು. ನನಗೂ ಒಳಗೊಳಗೆ ಹಾಗೇ ಅನಿಸಿತ್ತು.

ಆ ವರ್ಷ ಲಗ್ನದ ಹಂಗಾಮಿನ ಮೊದಲ ಮದುವೆ ಬೀಡಿ ಎಂಬ ಊರಿನಲ್ಲಿ. ಹೆಣ್ಣಿನ ಮನೆತನದ ಎಲ್ಲ ಮದುವೆಗಳಿಗೂ ಕಾಕಾನದೇ ಸೆಟ್ಟು. ಮದುವೆಗೆ ಎಂಟು ದಿನ ಉಳಿದಿರುವಾಗ ಕಾಕಾ ಮಾವಿನ ಗಿಡಕ್ಕೆ ಭೋಂಗಾ ಕಟ್ಟಿ ನೋಡಲು ಹೋಗಿ ನಿಚ್ಚಣಿಕೆಯಿಂದ ಬಿದ್ದು ಕಾಲು ಮುರಿದುಕೊಂಡರು. "ನಾ ಹೋಗತೀನಿ" ಎಂದು ನಾನು ಎದೆ ಉಬ್ಬಿಸಿದೆ. ಮೂರು ವರ್ಷ ಕಾಲೇಜು ಕಲಿತವನಿಗೆ ಸೂಜಿ ಎತ್ತಿ ಇಡುವುದು ಯಾವ ದೊಡ್ಡ ವಿದ್ಯೆ?

ತಯಾರಿಗೆ ಕುಳಿತೆ. ಪೆಟ್ಟಿಗೆ ತೆರೆದರೆ ಎಲ್ಲ ರಿಕಾರ್ಡಿನ ನಡುವಿನ ಕಾಗದದ ಮೇಲೂ ಅರಿಶಿಣ, ಕುಂಕುಮ, ವಿಭೂತಿ, ಕಾಡಿಗೆಯ ಕಲೆ. ನಮ್ಮಲ್ಲಿ ಖಂಡೇಪೂಜೆಯ ದಿನ ಕುಡುಗೋಲಿನಿಂದ ಹಿಡಿದು ಸೈಕಲ್ಲಿನವರೆಗೆ ಯಾವುದನ್ನೂ ಬಿಡದೆ ಬೊಟ್ಟಿಡುತ್ತಾರೆ, ನಿಮಗೂ ಗೊತ್ತು. ಎಷ್ಟೋ ವರ್ಷದ ಪೂಜೆಯ ರಾಡಿ ಎಂದು ನಾನು ತಿಳಿದೆ. ಕಾಕಿಯ ಅಂಟವಾಳಕಾಯಿ ತಂದು ನೆನೆಹಾಕಿ, ಮೆತ್ತನೆಯ ಅರಿವೆ ಅದ್ದಿ, ಎರಡು ದಿನ ಕೂತು ಒಂದೊಂದನ್ನೂ ಒರೆಸಿದೆ. ಕನ್ನಡ ಒಂದು ಕಡೆ, ಮರಾಠಿ ಒಂದು ಕಡೆ, ಹಿಂದಿ ಒಂದು ಕಡೆ ಅಕ್ಷರಮಾಲೆಯ ಪ್ರಕಾರ ಜೋಡಿಸಿದೆ. ಕಾಕಾ ನೋಡಿದರೆ ಬೆನ್ನು ಚಪ್ಪರಿಸುತ್ತಾರೆ ಎಂಬ ಭ್ರಮೆ ಬೇರೆ.

ಹೊರಡುವ ಹಿಂದಿನ ದಿನ ದವಾಖಾನೆಗೆ ಹೋದೆ. ಕಾಕಾ ಕಾಲಿಗೆ ಪ್ಲಾಸ್ಟರು ಹಾಕಿಕೊಂಡು ಮಲಗಿದ್ದರು, ಕಾಕಿ ಬಾಜೂಕೆ ಕೂತಿದ್ದಳು.

"ಬೊಟ್ಟು ನೋಡಿ ಹಾಕು" ಅಂದರು ಕಾಕಾ. "ವಿಭೂತೀದು ನಸಿಕಿನ್ಯಾಗ. ಅರಿಶಿಣದ್ದು ಅರಿಶಿಣ ಹಚ್ಚುವಾಗ. ಕುಂಕುಮದ್ದು ಅಕ್ಷತಾದ ಮುಂದ. ಕಾಡಿಗೀದು ಮಾತ್ರ ಹೆಣ್ಣು ಕಳಸೂ ತನಕಾ ಮುಟ್ಟಬ್ಯಾಡ. ತಿಳೀತಿಲ್ಲೊ?"

ತಲೆ ತಗ್ಗಿಸಿ, ನೆಲ ನೋಡುತ್ತ, "ಕಾಕಾ, ನಾ ಅವನ್ನೆಲ್ಲಾ ಒರಸಿಬಿಟ್ಟೇನ್ರಿ. ಒಂದೂ ಉಳದಿಲ್ರಿ" ಎಂದೆ.

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ, "ಆತು. ಹೋಗಿ ಬಾ" ಅಂದರು.

ಇಷ್ಟೇ. ಬೈಗುಳ ಇಲ್ಲ, ಸಿಟ್ಟಿಲ್ಲ. ಇಷ್ಟು ದೊಡ್ಡ ಮನಸ್ಸಿನವರನ್ನು ಸೊಕ್ಕಿನವರೆಂದುಕೊಂಡೆನಲ್ಲ ಎಂದು ಮೆಟ್ಟಿಲಿಳಿಯುವಾಗ ನನಗೆ ಗಲಿಬಿಲಿಯಾಯಿತು. ಕ್ಷಮಿಸಿದರೋ, ಕೈಬಿಟ್ಟರೋ?

ಬೀಡಿಯ ಆ ದಿನದ ಬಗ್ಗೆ ಹೇಗೆ ಹೇಳಲಿ? ಬೆಳಗಿನ ಐದಕ್ಕೆ ಶುರು ಮಾಡಿದೆ. ಒಂದು ರಿಕಾರ್ಡಿನ ಒಂದು ಮಗ್ಗಲು ಮೂರು ಮೂರೂವರೆ ನಿಮಿಷ. ನಮ್ಮ ಇಡೀ ಬದುಕನ್ನು ಮೂರು ಮೂರು ನಿಮಿಷದ ತುಂಡು ಮಾಡಿ ಕೈಗೆ ಕೊಟ್ಟರೆ ಹೇಗಿರುತ್ತದೆಂದು ಅವತ್ತು ತಿಳಿಯಿತು. ಒಂದು ಹಾಡಿನಲ್ಲಿ ಹಲ್ಲುಜ್ಜಿದೆ, ಇನ್ನೊಂದು ಹಾಡಿನಲ್ಲಿ ಅರ್ಧ ಕಪ್ ಚಹಾ ಕುಡಿದೆ. ಬಯಲಕಡೆಗೆ ಹೋಗಬೇಕಾದರೆ ಎಷ್ಟು ಹಾಡು ಬೇಕು, ನೀವೇ ಎಣಿಸಿ. ನಾನು ಆ ಆಸೆಯನ್ನೇ ಬಿಟ್ಟೆ.

ಎಂಟು ಗಂಟೆಗೆ ಯಾವುದೋ ಒಂದು ಅಭಂಗ ಹಚ್ಚಿದೆ. ಹಿತ್ತಲಿಂದ ಖಾನಾಪುರದ ಅಡುಗೆಯ ರಾಮಭಾವು ಸೌಟು ಹಿಡಿದುಕೊಂಡೇ ಬಂದ. "ಇಷ್ಟ ಲಗೂ ಅಕ್ಷತಾ ಬಿದ್ದೂ ಏನ್ರಿ?" ಎಂದ. ಇಲ್ಲ, ಹನ್ನೆರಡೂವರೆಗೆ ಎಂದೆ. ಅವನು ಹಣೆ ಬಡಿದುಕೊಂಡ. "ಅರೆ ದೇವಾ! ಈ ಅಭಂಗ ಹತ್ತಿತಂದ್ರ ನಾ ಅಕ್ಕಿ ಹಾಕತೇನ್ರಿ. ನಿಮ್ಮ ಕಾಕಾಂದು ಹಂಗ ಠರಾವ ಆಗೇತಿ. ನಾಕ ಹಂಡೆ ಅಕ್ಕಿ ಹಾಕಿಬಿಟ್ಟೇನಲ್ರಿ ಈಗ!"

ಗಾಬರಿಯಲ್ಲಿ ಅಭಂಗ ತೆಗೆದು ಕನ್ನಡದ್ದು ಹಾಕಿದೆ. ಗಂಡಿನ ಕಡೆಯವರೊಬ್ಬರು ಬಂದು ಮರಾಠಿಯದು ಯಾಕೆ ತೆಗೆದಿರಿ ಎಂದು ಕೇಳಿದರು. ಮರಾಠಿ ಹಾಕಿದೆ. ಹೆಣ್ಣಿನ ಕಡೆಯವರು ಬಂದು ನಿಂತರು. ಹಿಂದಿ ಹಾಕಿದೆ, ಇಬ್ಬರೂ ಒಟ್ಟಿಗೆ ಬಂದರು. ಬೆವರು ಒರೆಸಿಕೊಳ್ಳುತ್ತ, ಕಾಗದದ ಮೇಲಿನ ಸಣ್ಣ ಅಕ್ಷರಗಳ ಮೇಲೆ ಮೂಗು ಇಟ್ಟು, ಕೈಗೆ ಸಿಕ್ಕ ಒಂದನ್ನು ಹಚ್ಚಿದೆ. ಮೆಲ್ಲನೆಯ ಹಾಡು, ಇದರಿಂದ ಯಾರಿಗೆ ಏನು ತೊಂದರೆ ಅಂದುಕೊಂಡೆ. ಅದು ಕಾಡಿಗೆಯದಾಗಿತ್ತು.

ಅರಿಶಿಣ ಹಚ್ಚುತ್ತಿದ್ದ ಹೆಂಗಸರ ಗದ್ದಲ ಒಮ್ಮೆಗೇ ನಿಂತಿತು. ಮಣೆಯ ಮೇಲಿದ್ದ ಹುಡುಗಿ ಬಿಕ್ಕಿ ಅಳತೊಡಗಿದಳು. ಅವಳ ತಾಯಿ ಗಂಗವ್ವ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು, ಅಷ್ಟೊಂದು ಕೆಲಸದ ನಡುವೆ ಮಗಳ ಬಾಜೂಕೆ ಕೂತು, ಅವಳನ್ನು ಅಪ್ಪಿಕೊಂಡು ಅತ್ತಳು. ಹಾಡು ಮುಗಿಯಿತು. ಬಂದ್ ಮಾಡುವಂತಿಲ್ಲ, ಮುಂದಿನದು ಯಾವುದೆಂದು ಗೊತ್ತಿಲ್ಲ. ಅದೇ ಹಾಡನ್ನು ಮತ್ತೆ ಹಚ್ಚಿಬಿಟ್ಟೆ.

ಸಂಜೆ ಹೆಣ್ಣು ಹೊರಟಾಗ ಗಂಟುಗಳನ್ನು ಎಣಿಸುವುದು, ಬುತ್ತಿ ಕಟ್ಟುವುದು, ಬೀಗರಿಗೆ ಉತ್ತರ ಕೊಡುವುದು, ಇದರಲ್ಲೇ ಗಂಗವ್ವನಿಗೆ ಮಗಳ ಕಡೆ ತಿರುಗಲೂ ಪುರಸತ್ತಿರಲಿಲ್ಲ. ಬಂಡಿ ಹೋದ ಮೇಲೆ ನನ್ನ ಹತ್ತಿರ ಬಂದಳು. ಈಗ ಬೈಗುಳ ತಪ್ಪಿದ್ದಲ್ಲ ಎಂದು ತಯಾರಾದೆ. "ತಮ್ಮಾ, ಮುಂಜಾನೆ ಆ ಹಾಡು ನೀ ಬೇಕಂತನ ಹಚ್ಚಿದೇನು?" ಎಂದು ಕೇಳಿದಳು. ಹೌದೆನ್ನಬೇಕೋ ಇಲ್ಲೆನ್ನಬೇಕೋ ತಿಳಿಯದೆ ತಲೆ ಅಲ್ಲಾಡಿಸಿದೆ, ಯಾವ ಕಡೆಗೆ ಅಲ್ಲಾಡಿತೋ ನನಗೂ ಗೊತ್ತಿಲ್ಲ. "ಆಗ ಅತ್ತದ್ದ ಚಲೋ ಆತು. ಈಗ ಅಳಾಕ ಯಾರಿಗೆ ಸವಡ ಐತಿ" ಎಂದು ಹೇಳಿ ಅವಳು ಒಳಗೆ ಹೋದಳು.

ನಾನು ಬೀಡಿಯಿಂದ ಬಂದ ನಾಲ್ಕು ದಿನಕ್ಕೆ ಕಾಕಾ ದವಾಖಾನೆಯಿಂದ ಮನೆಗೆ ಬಂದರು. ಮುಂದಿನ ಮದುವೆಗೆ ಹದಿನೈದು ದಿನವಿತ್ತು, ಕೂತಲ್ಲೇ ಕೂತು ಸೆಟ್ಟು ನಡೆಸುತ್ತೇನೆಂದು ಅವರ ಹಟ. ಪೆಟ್ಟಿಗೆ ತರಿಸಿಕೊಂಡು ತೆರೆದರು. ಒಂದು ರಿಕಾರ್ಡು ತೆಗೆದು ನೋಡಿದರು, ಇನ್ನೊಂದು ತೆಗೆದರು, ಮತ್ತೊಂದು. ಹಿಂದೆ ನಿಂತಿದ್ದ ನಾನು, "ನಾ ದವಾಖಾನ್ಯಾಗ ಹೇಳಿದ್ದೆನಲ್ರಿ ಕಾಕಾ" ಎಂದೆ. ಅವರು ತಿರುಗಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಇಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕಿ ಮೆಲ್ಲಗೆ ಹೇಳಿದಳು. "ಅವರಿಗೆ ಕೇಳಸೂದಿಲ್ಲಪಾ. ಐದ ವರ್ಷ ಆತು. ಭೋಂಗಾದ ಬುಡಕ ಕುಂತು ಕುಂತು ಕಿವಿ ಹೋಗ್ಯಾವ. ಎದರಿಗೆ ನಿಂತ್ರ ತುಟಿ ನೋಡಿ ತಿಳಕೋತಾರ. ಸ್ಪೀಕರ್ ಸೆಟ್ಟಿನಾವ ಕಿವುಡ ಅಂತ ಗೊತ್ತಾದ್ರ ಯಾರ ಕರೀತಾರ? ಅದಕ್ಕ ಯಾರಿಗೂ ಹೇಳಿಲ್ಲ."

ಈಗ ಒಂದೊಂದೇ ತಿಳಿಯಿತು. ಆಂಪ್ಲಿಫೈಯರಿನ ಮೇಲಿನ ಕೈ ಅದರ ನಡುಕದಿಂದ ಹಾಡು ಹೊರಟಿದೆಯೋ ಇಲ್ಲವೋ ಎಂದು ನೋಡುತ್ತಿತ್ತು. ಹೊಸ ರಿಕಾರ್ಡು ಬಂದಾಗ ಮೊದಲ ಸಲ ಹಚ್ಚಿ, ಮಂದಿಯ ಮುಖ ನೋಡಿ, ಅದಕ್ಕೆ ತಕ್ಕ ಬೊಟ್ಟಿಡುತ್ತಿದ್ದರು. ನಾನು ಒರೆಸಿ ಚೊಕ್ಕ ಮಾಡಿದ್ದು ಅವರ ಕಿವಿಗಳನ್ನು.

ಎದುರಿಗೆ ಹೋಗಿ ಕೂತು, "ನಾ ಕೇಳಿ ಹೇಳತೀನ್ರಿ, ಮ್ಯಾಲ ಬರದದ್ದೂ ಓದತೀನಿ" ಎಂದೆ. ಕಾಕಾ ಕೈ ಅಲ್ಲಾಡಿಸಿದರು. "ಮ್ಯಾಲ ಬರದದ್ದು ಹಾಡಿಂದು, ಹಾಡಿದವರದು ಹೆಸರ. ಕೇಳಿದವರಿಗೆ ಏನಾಗತೈತಿ ಅಂತ ಅದರಾಗ ಬರದಿರೂದಿಲ್ಲ. ಬೀಡ್ಯಾಗ ಮಂದಿ ಮಾರಿ ಹೆಂಗಿದ್ದೂ, ಹೇಳು?" ಹದಿಮೂರು ಗಂಟೆ ಹಾಡು ಹಚ್ಚಿದವನು ನಾನು. ಗಂಗವ್ವ, ಅವಳ ಮಗಳು ಬಿಟ್ಟರೆ ಒಂದು ಮುಖವೂ ನೆನಪಿರಲಿಲ್ಲ.

ನಾನು ಹಾಡು ಹಚ್ಚಿದಂತೆ ಕಾಕಾ ನನ್ನ ಮುಖ ನೋಡಿ ಬೊಟ್ಟಿಡಲು ಶುರು ಮಾಡಿದರು. ಹತ್ತು ರಿಕಾರ್ಡಿಗೆ ಬಿಟ್ಟರು. "ಇವನ ಮಾರಿ ಎಲ್ಲಾಕೂ ಒಂದ ನಮೂನಿ ಐತಿ. ಅಳೂ ಹಾಡಿಗೂ ಪರೀಕ್ಷಾಕ ಕುಂತಾಂವರಂಗ ಇರತಾನ" ಎಂದು ಕಾಕಿಯನ್ನು ಕರೆದರು. ಕಾಕಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದು ಎದುರಿಗೆ ಕೂತಳು. ನಾನು ರಿಕಾರ್ಡು ಹಚ್ಚುತ್ತಿದ್ದೆ, ಅವಳು ಕೇಳುತ್ತಿದ್ದಳು, ಅವರು ಅವಳ ಮುಖ ನೋಡುತ್ತಿದ್ದರು. ಮೂರು ದಿನ, ನೂರಾ ಹದಿನಾರು ರಿಕಾರ್ಡು, ಎರಡೂ ಮಗ್ಗಲು. "ಮದಿವ್ಯಾಗಿ ಇಪ್ಪತ್ತ ವರ್ಷದಾಗ ಇವರು ಇಷ್ಟೊತ್ತು ನನ್ನ ಮಾರಿ ನೋಡಿದ್ದಿಲ್ಲ" ಎಂದು ಕಾಕಿ ನಕ್ಕಳು. ತುಟಿ ನೋಡಿ ತಿಳಿದ ಕಾಕಾ ನಾಚಿಕೊಂಡು, ಅರಿಶಿಣ ಇಡಬೇಕಾದಲ್ಲಿ ಕುಂಕುಮ ಇಟ್ಟರು.

ಆದರೆ ನಾನು ಅವರ ಎದುರು ನಿಂತು, ತುಟಿ ಬಿಡಿಸಿ, ತಪ್ಪಾಯಿತು ಎಂದು ಹೇಳಲೇ ಇಲ್ಲ. ಒಂದು ಸಲ ಹೇಳಿದ್ದೆನಲ್ಲ, ಕೇಳಿಸದಿದ್ದರೆ ನನ್ನ ತಪ್ಪೇ ಎಂದು ಮನಸ್ಸು ವಕಾಲತ್ತು ಮಾಡುತ್ತಿತ್ತು. ಆಮೇಲೆ ನೌಕರಿ ಬಂತು. ಆಮೇಲೆ ಕಾಕಾ ಹೋದರು.

ಮೊನ್ನೆ ಚಪ್ಪಲಿ ಸಿಕ್ಕ ಮೇಲೆ ನಾನು ನೆಟ್ಟಗೆ ಹಿಂದಿನ ಓಣಿಗೆ, ಕಾಕಿಯ ಮನೆಗೆ ಹೋದೆ. ಎಂಬತ್ತು ದಾಟಿದ ಕಾಕಿ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ದವಾಖಾನೆಯಲ್ಲಿ ನೆಲ ನೋಡುತ್ತ ಹೇಳಿದ್ದು, ಕಾಕಾ ಕೇಳಿಸದೆ ಆತು ಅಂದದ್ದು, ನಾನು ಅದನ್ನೇ ಕ್ಷಮೆಯೆಂದು ಹಿಡಿದುಕೊಂಡು ಹೋದದ್ದು.

"ಕೇಳಸಿರಲಿಲ್ಲ ಖರೆ, ಆದ್ರ ಸುಮ್ಮನ ಅಂದದ್ದಲ್ಲ ಅದು" ಅಂದಳು ಕಾಕಿ. "ನೀ ಆಕಡೆ ಹೋದಿ, ಇವರು ನನಗ ಕೇಳಿದ್ರು, ಹುಡುಗ ಏನೋ ಹಾಳ ಮಾಡ್ಯಾನ, ಏನಂದಾ ಅಂತ. ಬಾಜೂಕ ಕುಂತ ನನಗೂ ಕೇಳಿದ್ದಿಲ್ಲ, ನೀ ಅಷ್ಟ ಸಣ್ಣ ದನೀಲೆ ಅಂದಿದ್ದಿ."

"ಮತ್ತ ಆತು ಅಂತ ಯಾಕ ಅಂದ್ರು?"

"ನಾನೂ ಕೇಳಿದೆ. ಏನ ಮಾಡಿದ್ರೂ ಮಾಡಿರ್ಲಿ, ಹುಡುಗ ಅಂಜಿಕೊಂಡು ಬೀಡಿಗೆ ಹೋಗೂದು ಬ್ಯಾಡ ಅಂದ್ರು."

ಎಲ್ಲಕ್ಕೂ ಒಂದೇ ನಮೂನೆ ಇರುತ್ತದೆಂದು ಅವರೇ ಹೇಳಿದ ಈ ಮುಖವನ್ನು ಕಾಕಾ ಅವತ್ತು ಹೇಗೆ ಓದಿದರು? ತಪ್ಪು ಯಾವುದೆಂದು ಗೊತ್ತಾಗುವ ಮೊದಲೇ ಮಾಫಿ ಮಾಡಿದವರಿಗೆ ಇನ್ನು ನಾನು ಏನು ಹೇಳಲಿ, ಎಲ್ಲಿ ಹೇಳಲಿ? ತಿಳಿಯದೆ, ಮುದುಕ ನಾನು, ಓಣಿಯ ಮಂದಿ ನೋಡುತ್ತಿದ್ದರೂ ಅಳತೊಡಗಿದೆ. ಕಾಕಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೊರದಲ್ಲಿದ್ದ ಬಟಾಣಿಯಲ್ಲಿ ಅರ್ಧ ನನ್ನ ಮುಂದೆ ಸುರಿದು, "ಸುಲಿ" ಎಂದಳು.