ಸೀರಿಯಸ್ ಎಂದು ಹೇಳಿ ಕಳಿಸಿದ ದಿನ

ಹೋದ ವಾರ ಚಿತ್ರದುರ್ಗದ ಪೇಟೆಯಲ್ಲಿ ಬಿಸಿಲು ತಡೆಯಲಾರದೆ ಒಂದು ಕಂಬಳಿ ಅಂಗಡಿಯ ನೆರಳಿಗೆ ನಿಂತೆ. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಕುರಿಯ ಉಣ್ಣೆಗೆ ಆ ಗಂಜಿ ಸೇರಿದಾಗ ಒಂದು ಒಗರು ವಾಸನೆ ಬರುತ್ತದೆ, ಸ್ವಲ್ಪ ಹುಳಿ, ಸ್ವಲ್ಪ ಹಟ್ಟಿಯ ವಾಸನೆ. ಮೂಗಿಗೆ ಅದು ಬಡಿದದ್ದೇ ತಡ, ನನ್ನ ಕೈ ತಾನೇ ಹೋಗಿ ಒಂದು ಕರಿಕಂಬಳಿಯ ಅಂಚು ಹಿಡಿದುಕೊಂಡಿತು. ಅಂಗಡಿಯವರು ವ್ಯಾಪಾರ ಬಂತೆಂದು ಎದ್ದರು. "ಯಾರಿಗಮ್ಮ, ವಯಸ್ಸಾದೋರಿಗಾ? ಕುಂತ್ಕಳ್ರಿ, ಮೆತ್ತಂದು ಐತೆ, ತೋರಿಸ್ತೀನಿ."

ಯಾರಿಗೆ ಅಂತ ಹೇಳಲಿ... ನನಗೆ ಇದೇ ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೀಚರಮ್ಮ ನೆನಪಾಗಿದ್ದರು.

ಟೀಚರಮ್ಮ ಹಳ್ಳಿ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ ಬಂದವರು. ಗಂಡ ಇರಲಿಲ್ಲ, ಮಗ ದಾವಣಗೆರೆಯಲ್ಲಿದ್ದ. ಜಂಬ ಇತ್ತು ಅವರಿಗೆ, ಸುಳ್ಳು ಯಾಕೆ ಹೇಳಲಿ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಾಗಲೂ ನಡುವೆ ಒಂದು ಇಂಗ್ಲಿಷ್ ಮಾತು ಬೀಳಬೇಕು. ಆದರೆ ಬೀದಿಯ ಯಾವ ಮಗು ಪುಸ್ತಕ ಹಿಡಿದು ಹೋದರೂ ಜಗಲಿಯ ಮೇಲೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು, ಎದ್ದು ಬರುವಾಗ ಕೈಗೆ ಕೊಬ್ಬರಿ ಬೆಲ್ಲ ಹಾಕುತ್ತಿದ್ದರು. ನಾನು ಬಿ.ಎ. ಓದುತ್ತಿದ್ದಾಗಲೂ ನನಗೆ ಆ ಕೊಬ್ಬರಿ ಬೆಲ್ಲ ತಪ್ಪಿರಲಿಲ್ಲ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಕಾಲ ಅದು. ನಮ್ಮ ಗುಡ್ಡಗಳ ತಲೆಯ ಮೇಲೆ ಗಾಳಿಯಂತ್ರಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ಜನ ಅವನ್ನು ಫ್ಯಾನು ಎನ್ನುತ್ತಿದ್ದರು. ಹಿರಿಯೂರು ಕಡೆಯ ಗುಡ್ಡದಲ್ಲಿ ಫ್ಯಾನು ನಿಲ್ಲಿಸಲು ಸ್ಪೇನ್ ದೇಶದಿಂದ ಒಬ್ಬ ಎಂಜಿನಿಯರ್ ಬಂದರು. ಟೀಚರಮ್ಮನ ಮಹಡಿಯ ಕೋಣೆ ಅವರಿಗೆ ಬಾಡಿಗೆಗೆ ಸಿಕ್ಕಿತು. ಐವತ್ತರ ಆಸುಪಾಸು, ಕೆಂಪು ಮೂಗು, ಮದುವೆಯಾಗಿರಲಿಲ್ಲ. ಬಂದ ವಾರದಲ್ಲೇ ನಮ್ಮ ಬೀದಿ ಅವರಿಗೆ ಫ್ಯಾನ್ ಸಾಹೇಬ್ರು ಅಂತ ಹೆಸರಿಟ್ಟುಬಿಟ್ಟಿತು. ಕರೆದರೆ ಅವರೂ ನಗುತ್ತಾ ತಿರುಗುತ್ತಿದ್ದರು.

ಅವರ ಇಂಗ್ಲಿಷ್ ಅಷ್ಟಕ್ಕಷ್ಟೇ. ಸಂಜೆ ಜಗಲಿಯ ಮೇಲೆ ಟೀಚರಮ್ಮ ಅವರಿಗೆ ಇಂಗ್ಲಿಷ್ ತಿದ್ದುವುದು, ಅವರು ಟೀಚರಮ್ಮನಿಗೆ ಸ್ಪ್ಯಾನಿಷ್ ಹೇಳಿಕೊಡುವುದು ಶುರುವಾಯಿತು. ನಡುವೆ ಇಟ್ಟಿಗೆಯಷ್ಟು ದಪ್ಪದ ಒಂದು ಇಂಗ್ಲಿಷ್-ಸ್ಪ್ಯಾನಿಷ್ ನಿಘಂಟು. ನಾನು ಚಹಾ ಕೊಡುವ ನೆಪದಲ್ಲಿ ಅಲ್ಲೇ ಕೂತಿರುತ್ತಿದ್ದೆ. ಟೀಚರಮ್ಮ ಎಷ್ಟು ಬೇಗ ಕಲಿತರೆಂದರೆ, ಆರು ತಿಂಗಳು ತುಂಬುವುದರೊಳಗೆ ಇಬ್ಬರೂ ಅರ್ಧ ಮಾತು ಸ್ಪ್ಯಾನಿಷ್‌ನಲ್ಲೇ ಆಡುತ್ತಿದ್ದರು. ಆಮೇಲೆ ಕೇಳಬೇಕೆ? ಪೇಟೆಯಲ್ಲೆಲ್ಲ ಅವರು ಸ್ಪೇನ್ ಟೀಚರ್.

ಒಂದು ಸಂಜೆಯ ಪಾಠ ನನಗೆ ಇವತ್ತಿಗೂ ಕಣ್ಣ ಮುಂದಿದೆ. ಫ್ಯಾನ್ ಸಾಹೇಬರು ಒಂದು ದೂರು ತಂದಿದ್ದರು. ನಿಮ್ಮ ಊರಲ್ಲಿ ಎಲ್ಲರೂ ಸೀರಿಯಸ್ ಅನ್ನುತ್ತಾರೆ. ಮೇಸ್ತ್ರಿ ತನ್ನ ಮಗ ಸೀರಿಯಸ್ ಇಲ್ಲ ಅಂತ ಬೈಯುತ್ತಾನೆ, ಡ್ರೈವರ್ ತನ್ನ ಮಾವ ಸೀರಿಯಸ್ ಅಂತ ರಜ ಕೇಳುತ್ತಾನೆ, ನನ್ನ ಭಾಷೆಯಲ್ಲಿ ಇದಕ್ಕೆಲ್ಲ ಒಂದೇ ಮಾತು ಸಾಲುವುದಿಲ್ಲ, ಎಂದರು. ಟೀಚರಮ್ಮನಿಗೆ ಹಬ್ಬವೇ ಆಯಿತು. ನಿಘಂಟು ತೆಗೆದು ಊಟದ ಪಂಕ್ತಿಯಲ್ಲಿ ಬಡಿಸಿದ ಹಾಗೆ ಒಂದೊಂದಕ್ಕೂ ಒಂದೊಂದು ಮಾತು ಬಡಿಸಿದರು. ನಗದೆ ಕೂತ ಮುಖಕ್ಕೆ ಸೇರಿಯೊ. ಮಾತಿಗೆ ತಪ್ಪದ ಮನುಷ್ಯನಿಗೆ ಫೋರ್ಮಾಲ್. ಜೀವಕ್ಕೆ ಅಪಾಯವಿರುವ ಕಾಯಿಲೆಗೆ ಗ್ರಾವೆ. ಸಾಹೇಬರು ಮೂರನ್ನೂ ಹೇಳಿ ಒಪ್ಪಿಸಿದರು, ಟೀಚರಮ್ಮ ಶಭಾಷ್ ಅಂದರು.

ಆ ಡ್ರೈವರಿನ ಮಾವ ಅಷ್ಟು ಹೊತ್ತಿಗಾಗಲೇ ತೀರಿಹೋಗಿದ್ದ. ಅದು ಟೀಚರಮ್ಮನಿಗೂ ಗೊತ್ತು, ನನಗೂ ಗೊತ್ತು. ನಮ್ಮ ಕಡೆ ಸಾವನ್ನು ಫೋನಿನಲ್ಲಿ ಹೇಳುವುದಿಲ್ಲ. ದೂರದಲ್ಲಿರುವವರಿಗೆ ಸೀರಿಯಸ್, ಬೇಗ ಹೊರಡಿ ಎಂದಷ್ಟೇ ಹೇಳುತ್ತೇವೆ. ಕೇಳಿದವರಿಗೂ ಒಳಗೊಳಗೆ ಗೊತ್ತಾಗಿರುತ್ತದೆ, ಆದರೂ ಬಾಯಿ ಬಿಟ್ಟು ಕೇಳುವುದಿಲ್ಲ. ದಾರಿಯಲ್ಲಿ ಎದೆ ಒಡೆದುಕೊಳ್ಳದೆ ಬಂದು ಮುಖ ನೋಡಲಿ ಎಂಬುದೇ ಅದರ ಉದ್ದೇಶ. ಇದನ್ನು ಪಾಠದಲ್ಲಿ ಸೇರಿಸಬೇಕು ಅಂತ ನಮಗೆ ಹೊಳೆಯಲೇ ಇಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ?

ಮಳೆಗಾಲ ಮುಗಿದ ಹೊಸತು. ಮಧ್ಯಾಹ್ನ ಊಟದ ಹೊತ್ತಿಗೆ ಟೀಚರಮ್ಮನ ಮನೆಯ ಫೋನು ಬಡಿದುಕೊಂಡಿತು. ಸ್ಪೇನಿನಿಂದ ಸಾಹೇಬರ ಅಕ್ಕ. ಅಳುತ್ತಾ ಮಾತಾಡಿದರಂತೆ, ಆದರೂ ಟೀಚರಮ್ಮನಿಗೆ ಒಂದೂ ತಪ್ಪದೆ ಅರ್ಥವಾಯಿತು. ಅಮ್ಮ ಬೆಳಿಗ್ಗೆ ತೀರಿಕೊಂಡಳು. ನಾಳೆ ಮಣ್ಣು ಮಾಡುತ್ತೇವೆ. ಅವನು ಬರುವುದಾದರೆ ಇವತ್ತು ಸಂಜೆಯೊಳಗೆ ನನ್ನ ಮನೆಗೆ ಫೋನು ಮಾಡಿ ಹೇಳಲಿ, ಆಗ ಕಾಯುತ್ತೇವೆ.

ಟೀಚರಮ್ಮ ಹಿತ್ತಲ ಬಾಗಿಲಿನಿಂದ ನಮ್ಮ ಮನೆಗೆ ಬಂದರು. ಬಂದ ಸುದ್ದಿ ಹೇಳಿದರು. ನನ್ನ ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಸೀರಿಯಸ್ ಅನ್ರಿ ಸಾಕು. ಒಬ್ಬನೇ ಅಷ್ಟು ದೂರ ಹೋಗೋನು. ದಾರೀಲಿ ಏನಾರ ಮಾಡ್ಕಂಡ್ರೆ ಯಾರು ದಿಕ್ಕು?"

"ಫೋನ್ ಮಾಡು ಅಂದಾಳಲ್ಲೇ, ಅವನ ಅಕ್ಕ."

"ಫೋನ್ ಮಾಡಿದ್ರೆ ಗೊತ್ತಾಗಂಗಿಲ್ವ? ಮಗ ಬರ್ತಾ ಅವ್ನೆ ಅಂದ್ಮೇಲೆ ಯಾರಾನ ಮಣ್ಣು ಮಾಡ್ತಾರಾ? ಕಾಯ್ತಾರೆ ಬಿಡ್ರಿ."

ಟೀಚರಮ್ಮ ತಲೆಯಾಡಿಸಿದರು. ಅಲ್ಲಿದ್ದ ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ನಮ್ಮಲ್ಲಿ ಮಗ ಮುಂಬೈಯಲ್ಲಿದ್ದರೂ, ದೆಹಲಿಯಲ್ಲಿದ್ದರೂ ಐಸ್ ತರಿಸಿ ಕಾಯುತ್ತಾರೆ. ಬೇರೆ ಕಡೆ ಬೇರೆ ಥರ ಇರಬಹುದು ಅಂತ ಆ ಹೊತ್ತಿಗೆ ಒಬ್ಬರ ತಲೆಗೂ ಬರಲಿಲ್ಲ.

ಗುಡ್ಡಕ್ಕೆ ಹೇಳಿಕಳಿಸಿ ಸಾಹೇಬರನ್ನು ಕರೆಸಿದರು. ಬೂಟಿನ ಮಣ್ಣನ್ನೂ ಒರೆಸದೆ ಜಗಲಿ ಹತ್ತಿದ ಅವರಿಗೆ ಟೀಚರಮ್ಮ ಸ್ಪ್ಯಾನಿಷ್‌ನಲ್ಲೇ ಹೇಳಿದರು. ಗ್ರಾವೆ ಎಂಬ ಮಾತು ನನಗೂ ಕೇಳಿಸಿತು. ಸಾಹೇಬರು ಮತ್ತೆ ಅದೇ ಮಾತನ್ನು ಪ್ರಶ್ನೆ ಮಾಡಿ ಕೇಳಿದರು. ಟೀಚರಮ್ಮ ಹೌದೆಂದರು. ಅವರ ದನಿ ನಡುಗಲಿಲ್ಲ. ನಲವತ್ತು ಮಕ್ಕಳ ಮುಂದೆ ನಿಂತು ರೂಢಿಯಾದ ದನಿ ಅದು.

ಆಮೇಲೆ ನಡೆದದ್ದೂ ನಮ್ಮ ರೂಢಿಯಂತೆಯೇ. ಸಾವಿನ ಮನೆಗೆ ಹೊರಟವರನ್ನು ನಾವು ನಿಲ್ಲಲು ಬಿಡುವುದಿಲ್ಲ. ಅವರು ಫೋನಿನ ಕಡೆ ಕೈ ಚಾಚಿದರು. "ಆಮೇಲೆ ಮಾಡೀರಂತೆ, ಮೊದ್ಲು ಹೊರಡ್ರಿ, ವಿಮಾನ ತಪ್ತದೆ" ಅಂತ ಬೀದಿಗೆ ಬೀದಿಯೇ ಅವರನ್ನು ಜೀಪಿಗೆ ಹತ್ತಿಸಿತು. ಅಮ್ಮ ಬುತ್ತಿ ಕೊಟ್ಟಳು. ಸಾಹೇಬರು ಮಾತ್ರ ಪೇಟೆಯಲ್ಲಿ ಜೀಪು ನಿಲ್ಲಿಸಿ ಒಂದು ಕರಿಕಂಬಳಿ ಕೊಂಡರಂತೆ. ಆಸ್ಪತ್ರೆಯಲ್ಲಿ ಅಮ್ಮನಿಗೆ ಚಳಿಯಾಗುತ್ತದೆ ಅಂದರಂತೆ ಡ್ರೈವರಿಗೆ. ಡ್ರೈವರಿಗೂ ವಿಷಯ ಗೊತ್ತಿತ್ತು. ಅವನೂ ಕಂಬಳಿಯನ್ನು ಹಿಂದಿನ ಸೀಟಿನಲ್ಲಿಟ್ಟು ಜೀಪು ಬಿಟ್ಟ.

ಜೀಪು ಮರೆಯಾದ ಮೇಲೆ ಟೀಚರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಸದ್ಯ, ಹುಷಾರಾಗಿ ಮುಟ್ಟಿದ್ರೆ ಸಾಕು" ಎಂದರು.

ಅವರು ಹುಷಾರಾಗಿಯೇ ಮುಟ್ಟಿದ್ದರು. ಮಧ್ಯರಾತ್ರಿ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಅಕ್ಕನ ಮನೆಗೆ ಫೋನು ಮಾಡಿದಾಗ ಯಾರೂ ಎತ್ತಲಿಲ್ಲ. ಎಲ್ಲರೂ ಆಸ್ಪತ್ರೆಯಲ್ಲಿರಬೇಕು, ಅಂದರೆ ಅಮ್ಮ ಇದ್ದಾಳೆ ಅಂತ ಅವರು ಸಮಾಧಾನ ಮಾಡಿಕೊಂಡರಂತೆ. ಅಲ್ಲಿ ವಿಮಾನ ಇಳಿದು ಮನೆಗೆ ಹೋದಾಗ ಅಕ್ಕ ಕಪ್ಪು ಬಟ್ಟೆಯಲ್ಲಿ ಬಾಗಿಲು ತೆಗೆದಳು. ಮಣ್ಣು ಮಾಡಿ ಆಗಿತ್ತು. ಸಂಜೆಯವರೆಗೂ ನಿನ್ನ ಫೋನಿಗೆ ಕಾದೆ, ಬರಲಿಲ್ಲ, ಆಮೇಲೆ ಅಮ್ಮನ ಹತ್ತಿರ ಕೂರಲು ಹೋದೆ, ಎಂದಳಂತೆ.

ಇದನ್ನೆಲ್ಲ ಅವರೇ ಹೇಳಿದ್ದು, ತಿಂಗಳಾದ ಮೇಲೆ ವಾಪಸು ಬಂದಾಗ, ಅದೇ ಜಗಲಿಯ ಮೇಲೆ. ನಾನು ಚಹಾ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ. ಆ ದಿನ ಸ್ಪ್ಯಾನಿಷ್ ಬಿಟ್ಟು ಇಂಗ್ಲಿಷ್‌ನಲ್ಲಿ, ಮಾತು ಹುಡುಕಿ ಹುಡುಕಿ ಕೇಳಿದರು. ನನ್ನ ಅಕ್ಕ ಹೇಳಿದ್ದು ನಿಮಗೆ ಅರ್ಥವಾಗಿರಲಿಲ್ಲವೇ?

ಅರ್ಥವಾಗಲಿಲ್ಲ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಟೀಚರಮ್ಮ ಹಾಗೆ ಅನ್ನಲಿಲ್ಲ. ಎಲ್ಲ ಅರ್ಥವಾಗಿತ್ತು ಎಂದರು. ಆಮೇಲೆ ನಮ್ಮ ಪದ್ಧತಿಯನ್ನು ಬಿಡಿಸಿ ಹೇಳಿದರು. ಇಲ್ಲಿ ಹೀಗೇ ಹೇಳುವುದು, ನಿಮ್ಮ ಒಳ್ಳೆಯದಕ್ಕೇ, ಅವರು ಕಾಯುತ್ತಾರೆ ಅಂದುಕೊಂಡೆವು... ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು.

ಸಾಹೇಬರು ಪೂರ್ತಿ ಕೇಳಿಸಿಕೊಂಡರು. "ನಿಮ್ಮ ಊರಲ್ಲಿ ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ನನಗೆ ಎಲ್ಲ ಅರ್ಥವನ್ನೂ ಕಲಿಸಿದಿರಿ ಟೀಚರ್, ಇದನ್ನು ಯಾಕೆ ಕಲಿಸಲಿಲ್ಲ?" ಎಂದರು. ಆಮೇಲೆ ಚೀಲದಿಂದ ಆ ಕಂಬಳಿ ತೆಗೆದು ಅವರ ಮುಂದಿಟ್ಟರು. ಹೊದಿಸುವುದಕ್ಕೆ ಅಮ್ಮ ಇರಲಿಲ್ಲ, ಅಲ್ಲಿ ಬಿಟ್ಟು ಬರಲು ಮನಸ್ಸಾಗಲಿಲ್ಲ, ನಿಮ್ಮ ಹತ್ತಿರ ಇರಲಿ ಎಂದರು.

ಟೀಚರಮ್ಮನ ಕಿವಿ ಕೆಂಪಾಗಿತ್ತು. ತಮ್ಮ ಹತ್ತಿರ ಪಾಠ ಹೇಳಿಸಿಕೊಂಡವರ ಮುಂದೆ, ಪಾಠ ಒಪ್ಪಿಸಲಾಗದ ಹುಡುಗಿಯ ಹಾಗೆ ತಲೆ ತಗ್ಗಿಸಿ ಕೂತಿದ್ದರು. ನನಗೆ ಆ ಕಡೆ ನೋಡಲು ಆಗಲಿಲ್ಲ. ನಮ್ಮ ಇಡೀ ಬೀದಿ ಮಾಡಿದ್ದನ್ನು ಅವರೊಬ್ಬರೇ ಹೊತ್ತಿದ್ದರು. ಗೋಡೆಯಾಚೆ ಎಲ್ಲವೂ ಕೇಳಿಸುತ್ತಿದ್ದರೂ ನನ್ನ ಅಮ್ಮ ಹೊರಗೆ ಬರಲಿಲ್ಲ.

ಸಾಹೇಬರು ಸ್ವಲ್ಪ ದಿನದಲ್ಲೇ ಹಿರಿಯೂರಿನಲ್ಲಿ ಕೋಣೆ ಹಿಡಿದರು, ಕೆಲಸ ಮುಗಿದ ಮೇಲೆ ದೇಶಕ್ಕೆ ಹೋದರು. ಟೀಚರಮ್ಮ ನಿಘಂಟನ್ನು ಅಟ್ಟಕ್ಕೆ ಹಾಕಿದರು. ಪೇಟೆಯಲ್ಲಿ ಯಾರಾದರೂ ಸ್ಪೇನ್ ಟೀಚರ್ ಅಂದರೆ ಕೇಳಿಸದವರಂತೆ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಕಂಬಳಿಯನ್ನು ಮಾತ್ರ ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮತ್ತೆ ಮಡಿಸಿ ಟ್ರಂಕಿನಲ್ಲಿ ಇಡುತ್ತಿದ್ದರು. ಎಂಥ ಚಳಿಯಲ್ಲೂ ಹೊದೆಯಲಿಲ್ಲ, ನೆಲಕ್ಕೆ ಹಾಸಲಿಲ್ಲ. ಒಮ್ಮೆ ಹಾಗೆ ಮಡಿಸುವಾಗ ಒಂದು ತುದಿ ನಾನು ಹಿಡಿದುಕೊಂಡಿದ್ದೆ. ಆಗ ಅಂದರು, "ಲೇ, ನಾನು ಸತ್ರೆ ಯಾರಿಗೂ ಸೀರಿಯಸ್ ಅನ್ನಬ್ಯಾಡ್ರಿ ಕಣೇ. ಸತ್ಲು ಅನ್ರಿ. ನಿಮ್ಮಮ್ಮಂಗೂ ಹೇಳು."

ನಾನು ಮನೆಗೆ ಬಂದು ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೂಂ ಅಂದಳು.

ನನಗೆ ಹೊಸದುರ್ಗದಲ್ಲಿ ಕೆಲಸವಾಗಿ ಕೆಲವು ವರ್ಷ ಕಳೆದಿದ್ದವು. ಒಂದು ಬೆಳಿಗ್ಗೆ ಆಫೀಸಿಗೆ ಅಮ್ಮನ ಫೋನು ಬಂತು. "ಟೀಚರಮ್ಮ ಸೀರಿಯಸ್ ಆಗ್ಯಾರೆ ಕಣೇ. ಬಂದ್ಬಿಡು."

ನಾನು ಕೇಳಲಿಲ್ಲ. ಕೇಳಬಹುದಿತ್ತು, ಅಮ್ಮ ಫೋನು ಇಟ್ಟಿರಲಿಲ್ಲ, ಅವಳ ಉಸಿರು ಕೇಳಿಸುತ್ತಿತ್ತು. ಬರ್ತೀನಿ ಎಂದಷ್ಟೇ ಹೇಳಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮನಸ್ಸು ಏನೇನೋ ಲೆಕ್ಕ ಹಾಕಿತು. ಬಿ.ಪಿ. ಇರಬಹುದು, ಡ್ರಿಪ್ ಹಾಕಿರಬಹುದು, ಮಗ ದಾವಣಗೆರೆಗೆ ಕರೆದುಕೊಂಡು ಹೋಗಬಹುದು. ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಇಳಿದು ಮೂಸಂಬಿ ಕೊಂಡೆ. ಸಿಹಿ ಇವೆಯಾ, ಪೇಷಂಟಿಗೆ ಕಣಪ್ಪ, ಅಂತ ಹಣ್ಣಿನವನಿಗೆ ಎರಡು ಸಲ ಹೇಳಿ ಆರಿಸಿಕೊಂಡೆ. ಜಗಲಿಯ ಮೇಲೆ ಆವತ್ತು ಎಲ್ಲವನ್ನೂ ಕೇಳಿಸಿಕೊಂಡಿದ್ದ ನಾನೇ!

ಬೀದಿಯ ತಿರುವಿನಲ್ಲೇ ಚಪ್ಪಲಿಗಳು ಕಂಡವು. ಗೇಟಿನಿಂದ ರಸ್ತೆಯವರೆಗೆ ಚಪ್ಪಲಿಗಳು. ಜಗಲಿಯ ಮೇಲೆ ಬಂದವರು ಕೂರಲೆಂದು ಯಾರೋ ಟ್ರಂಕಿನಿಂದ ಆ ಕಂಬಳಿ ತೆಗೆದು ಹಾಸಿದ್ದರು. ಒಳಗೆ ಟೀಚರಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಖ ನೋಡಿದೆ. ನನಗಾದರೂ ಮುಖ ಸಿಕ್ಕಿತು.

ಹೊರಗೆ ಬಂದಾಗ ಅಮ್ಮ ನನ್ನ ಕೈ ಹಿಡಿದುಕೊಂಡು, "ನೆನಪಿತ್ತು ಕಣೇ. ಬಾಯಿಗೆ ಬರಲಿಲ್ಲ" ಎಂದಳು. ಬೈಯಬೇಕೆಂದುಕೊಂಡೆ, ಆಗಲಿಲ್ಲ. ಬಸ್ಸಿನ ಆ ಎರಡು ಗಂಟೆ ಟೀಚರಮ್ಮ ನನ್ನ ಪಾಲಿಗೆ ಬದುಕಿದ್ದರು. ಅದನ್ನು ಅಮ್ಮ ಕೊಟ್ಟಿದ್ದಳು, ನಾನು ಕೈಚಾಚಿ ತೆಗೆದುಕೊಂಡಿದ್ದೆ. ಟೀಚರಮ್ಮ ಕೇಳಿದ್ದು ಒಂದೇ ಒಂದು, ಅದನ್ನೂ ನಮ್ಮಿಂದ ನಡೆಸಿಕೊಡಲು ಆಗಿರಲಿಲ್ಲ. ನಾಚಿಕೆಯಿಂದ ಮೂಸಂಬಿಯ ಚೀಲವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಎಲ್ಲರೂ ಕೂತ್ಕೋ ಕೂತ್ಕೋ ಎಂದರು. ಆ ಕಂಬಳಿಯ ಮೇಲೆ ಕೂರಲಾರದೆ ಕಂಬಕ್ಕೆ ಒರಗಿ ನಿಂತೇ ಇದ್ದೆ...

"ಯಾರಿಗಮ್ಮ?" ಅಂಗಡಿಯವರು ಮತ್ತೆ ಕೇಳಿದರು. ಕಂಬಳಿ ಬಿಡಿಸಿ ನನ್ನ ಮುಂದೆ ಹರಡಿದ್ದರು.

"ನಮ್ಮ ಟೀಚರ್ ಒಬ್ಬರಿದ್ರು" ಎಂದೆ. ಅವರು ಕಾಯುತ್ತಿದ್ದರು. ಇಷ್ಟು ವರ್ಷ ಆ ಮಾತನ್ನು ನಾನು ಯಾರ ಮುಂದೆಯೂ ಅಂದಿರಲಿಲ್ಲ. ಇಲ್ಲ ಅವರು, ಹೋದರು, ದೂರವಾದರು, ಹೀಗೇ ಏನೋ ಒಂದು ಹೇಳಿ ದಾಟಿಕೊಂಡು ಬಂದಿದ್ದೆ.

"ಸತ್ರು" ಎಂದೆ.