ಅಥೆನ್ಸಿನ ಅರ್ಥಧಾರಿ

ಮನೆ ಬದಲಿಸುವಾಗ ಮನುಷ್ಯನ ಮಾನ ಉಳಿಯುವುದು ಕಷ್ಟ. ಕಳೆದ ತಿಂಗಳು ದೋಹಾದ ಹತ್ತಿರದ ಮೆಸಯೀದಿನ ಕಂಪನಿ ಕ್ವಾರ್ಟರ್ಸಿನಿಂದ ಅಲ್ ಗರಾಫಾದ ಫ್ಲ್ಯಾಟಿಗೆ ಸಾಮಾನು ಸಾಗಿಸುವ ಮೊದಲು ಹೆಂಡತಿ ನನ್ನ ಹಳೆಯ ಕೋಟಿನ ಜೇಬುಗಳನ್ನು ತಿರುವಿ ಕೊಡವಿದಳು. ಎರಡು ಬಸ್ ಪಾಸು, ಒಂದು ಬೋಲ್ಟು, ಜೊತೆಗೆ ಕಿರುಬೆರಳುದ್ದದ ಜ್ಯೇಷ್ಠಮಧುವಿನ ಕಡ್ಡಿ ಉದುರಿದವು.

"ಇದೆಂತ? ನಿಮಗೆ ಕೆಮ್ಮು ಯಾವಾಗ ಇತ್ತು?" ಎಂದಳು.

ಮೂಸಿ ನೋಡಿದೆ. ಸಿಹಿ ವಾಸನೆ ಇನ್ನೂ ಹೋಗಿರಲಿಲ್ಲ. ಶೇಖರಣ್ಣ ನೆನಪಾದರು, ಅವರಿಗೆ ನಾನು ಮಾಡಿದ ಸಣ್ಣತನವೂ ನೆನಪಾಯಿತು. ನಾಲ್ಕು ವರ್ಷದಿಂದ ಅವರಿಗೆ ಒಂದು ಫೋನು ಸಹ ಮಾಡದೆ ತಪ್ಪಿಸಿಕೊಂಡು ತಿರುಗುತ್ತಿದ್ದೆ. ಏಕೆಂದು ಹೇಳಿಬಿಡುತ್ತೇನೆ, ನೀವು ಕೇಳಿ ನಗಬಹುದು.

ಆಗ ಹೆಂಡತಿ ಊರಿನಲ್ಲಿದ್ದಳು. ಕ್ವಾರ್ಟರ್ಸಿನ ಒಂದೇ ಕೋಣೆಯಲ್ಲಿ ನಾನು ಮತ್ತು ಶೇಖರಣ್ಣ. ಇಬ್ಬರೂ ಕರಾವಳಿಯ ತುಳುವರು. ಅವರು ಪಂಪುಗಳ ಫೋರ್‌ಮನ್, ನಾನು ಮೀಟರುಗಳ ಟೆಕ್ನಿಶಿಯನ್. ಅವರ ಗೋಡೆಯಲ್ಲಿ ದೇವಿಯ ಕ್ಯಾಲೆಂಡರ್, ನನ್ನ ಗೋಡೆಯಲ್ಲಿ ಶಿಲುಬೆ, ನಡುವೆ ಇಬ್ಬರದ್ದೂ ಆದ ಎಸಿ. ಆ ಎಸಿಯ ವಿಷಯದಲ್ಲಿ ಬಿಟ್ಟರೆ ನಮಗೆ ಜಗಳವೇ ಇರಲಿಲ್ಲ. ಊರಿಗೆ ರಜೆ ಹೋದಾಗ ಶೇಖರಣ್ಣ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಅದು ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಪಾತ್ರವಾಗಿ ವಾದಿಸುತ್ತಾರೆ. ನಮ್ಮಂಥ ಹಳೆಯ ಕ್ರೈಸ್ತ ಮನೆಗಳಲ್ಲಿ ಅದೆಲ್ಲ ಅಜ್ಜಂದಿರು ಬಿಟ್ಟುಬಂದ ವಿಷಯ. ಚೆಂಡೆಯ ಸದ್ದು ಕೇಳಿಸಿದರೆ ಅಪ್ಪ ಕಿಟಕಿ ಹಾಕುತ್ತಿದ್ದರು.

ದೋಹಾದಲ್ಲಿ ನಮ್ಮ ಕನ್ನಡ ಕ್ರೈಸ್ತ ಸಭೆ ಎಂದರೆ ನಲವತ್ತು ಜನ. ಒಂದೇ ಕಟ್ಟಡದಲ್ಲಿ ಮಲಯಾಳಿ, ತಮಿಳು, ಫಿಲಿಪಿನೋ ಸಭೆಗಳು ವಾರದ ರಜೆಯಾದ ಶುಕ್ರವಾರದ ಹೊತ್ತನ್ನು ಗಂಟೆಗಂಟೆಯಾಗಿ ಹಂಚಿಕೊಳ್ಳುತ್ತವೆ. ಆ ವರ್ಷ ನಮ್ಮ ಪಾದ್ರಿ ಅಯ್ಯನವರು ಆಪರೇಶನ್ನಿಗೆಂದು ಊರಿಗೆ ಹೋದರು. ಪ್ರಸಂಗ, ಅಂದರೆ ಆರಾಧನೆಯ ಬೋಧನೆ, ಮಾಡುವ ಸರದಿ ಒಬ್ಬೊಬ್ಬರ ತಲೆಗೆ ಬಿದ್ದು ಕೊನೆಗೆ ನನ್ನ ಬಳಿಗೂ ಬಂತು. ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳುವಾಗಲೂ ಬೆವರುವ ಪ್ರಾಣಿ ನಾನು. ಸುಲಭವಾದೀತೆಂದು ಸುವಾರ್ತೆ ಸಾರಲು ಅಪೊಸ್ತಲನು ಅಥೆನ್ಸಿಗೆ ಹೋದ ಬೈಬಲಿನ ಕಥೆಯನ್ನು ಆರಿಸಿಕೊಂಡೆ. ಊರ ತುಂಬ ವಿಗ್ರಹಗಳು, ಎಲ್ಲವನ್ನೂ ಖಂಡಿಸಿದರೆ ಹದಿನೈದು ನಿಮಿಷ ಕಳೆಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಬರೆದದ್ದನ್ನು ಓದಿ ಅಭ್ಯಾಸ ಮಾಡಲು ಎದುರಿಗಿದ್ದದ್ದು ಶೇಖರಣ್ಣ ಒಬ್ಬರೇ. ಅವರ ಕ್ಯಾಲೆಂಡರಿನ ಕೆಳಗೇ ಕುಳಿತು ವಿಗ್ರಹಗಳನ್ನು ಬೈದು ಮುಗಿಸಿದ ಮೇಲೆ ನಾನು ಮಾಡಿದ್ದೇನೆಂದು ಹೊಳೆಯಿತು. ಅವರು ಜ್ಯೇಷ್ಠಮಧು ಅಗಿಯುತ್ತ ಸಾವಧಾನವಾಗಿ ಹೇಳಿದರು: "ಬೈದದ್ದು ಜೋರುಂಟು ಮಾರಾಯ್ರೆ. ಆದ್ರೆ ಕೇಳುವವ ಆಗ್ಲೇ ಎದ್ದು ಹೋದ. ನಿಮ್ಮ ಅಪೊಸ್ತಲ ಹೀಗೇ ಬೈದದ್ದಾ? ಓದಿ ನೋಡುವ."

ಓದಿದೆ. ಅವರು ಮಧ್ಯೆ ಮಧ್ಯೆ ತಡೆದರು. "ನೋಡಿ, ಬಂದ ಕೂಡ್ಲೆ ಬಾಯಿ ಬಿಡ್ಲಿಲ್ಲ ಇವ. ಮೊದ್ಲು ಊರು ಸುತ್ತಿದ. ತಿಳಿಯದ ದೇವರಿಗೆ ಅಂತ ಬರೆದ ಬಲಿಪೀಠ ಕಂಡ. ಅದನ್ನೇ ಹಿಡ್ಕೊಂಡು ಪೀಠಿಕೆ ಹಾಕಿದ. ಮತ್ತೆ ಅವರದ್ದೇ ಕವಿಯ ಮಾತು ತೆಗೆದು ಅವರ ಮುಂದೆಯೇ ಇಟ್ಟ. ಇವ ಒಳ್ಳೆ ಅರ್ಥಧಾರಿ! ಗ್ರೀಕ್ ಪದ್ಯ ಇವನ ಬಾಯಿಗೆ ಹೇಗೆ ಬಂತು ಹೇಳಿ? ಕೇಳಿರ್ಬೇಕಲ್ಲ. ಕಿಟಕಿ ಹಾಕಿ ಕೂತವನಿಗೆ ಬರುದುಂಟಾ?"

ಅಪ್ಪನ ಕಿಟಕಿಯ ಕಥೆ ಅವರಿಗೆ ನಾನೇ ಹಿಂದೊಮ್ಮೆ ಹೇಳಿದ್ದೆ. ಮಾತು ನಾಟಿತು.

ಮೂರು ವಾರ ಕಲಿಸಿದರು. ಅಭ್ಯಾಸದ ಹೊತ್ತಿಗೆ ಕನ್ನಡ ಮಾತ್ರ, ತುಳು ಬಂದರೆ ಮೊದಲಿಂದ ಶುರು. ಎದುರಿನವನ ಪಕ್ಷವನ್ನು ಅವನಿಗಿಂತ ಚೆನ್ನಾಗಿ ಹೇಳು, ಆಮೇಲೆ ನಿನ್ನದು. ಅವರು ಅಥೆನ್ಸಿನ ಪಂಡಿತರಾಗಿ ಕೂರುತ್ತಿದ್ದರು, ನಾನು ಅಪೊಸ್ತಲ. ಎಷ್ಟೋ ಸಂಜೆ ಅಪೊಸ್ತಲ ಸೋತ. ಪಂಡಿತರು ಬಿದ್ದು ಬಿದ್ದು ನಕ್ಕು ಚಹಾ ಮಾಡಿಕೊಟ್ಟರು.

ಆ ಶುಕ್ರವಾರ ತಮ್ಮ ಕಾರಿನಲ್ಲೇ ನನ್ನನ್ನು ಕರೆದುಕೊಂಡು ಹೋದರು, ಕೋಟಿನ ಜೇಬಿಗೆ ಒಂದು ಕಡ್ಡಿ ತುರುಕಿ "ಗಂಟಲಿಗೆ" ಎಂದರು, ತಾವು ಕಾರಿನಲ್ಲೇ ಉಳಿದರು. ನಾನು ಪೀಠದ ಹಿಂದೆ ನಿಂತೆ. ಒಂದೇ ಒಂದು ಶಬ್ದ ಹೊರಡಲಿಲ್ಲ. ಮುಂದಿನ ಸಾಲಿನ ಸುಸನ್ನ ಬಾಯಿಯವರು ಕನ್ನಡಕ ಸರಿಮಾಡಿಕೊಂಡರು. ಅವರು ನಿವೃತ್ತ ನರ್ಸು, ಸಭೆಗೆಲ್ಲ ಹಿರಿಯರು, ಅವರ ಕಣ್ಣಿಗೆ ಅಯ್ಯನವರೇ ಹೆದರುತ್ತಿದ್ದರು. ಆಗ ಕಾರಣ ಹೊಳೆಯಿತು. ಮೂರು ವಾರವೂ ನಾನು ಕಲಿತದ್ದು ಚಕ್ಕಳಮಕ್ಕಳ ಹಾಕಿ ಕುಳಿತು! ನಿಂತು ಮಾತಾಡಲು ನನಗೆ ಬರುತ್ತಲೇ ಇರಲಿಲ್ಲ.

ಬೇರೆ ದಾರಿ ಕಾಣದೆ ಪೀಠ ಬಿಟ್ಟು ಮುಂದೆ ಬಂದು, ಕೋಟು ಸಮೇತ ಕಾರ್ಪೆಟ್ಟಿನ ಮೇಲೆ ಕುಳಿತುಬಿಟ್ಟೆ. ಹಿಂದಿನ ಸಾಲಿನವರು ನಾನು ಬಿದ್ದೆನೆಂದು ಎದ್ದು ನಿಂತರಂತೆ. ಕುಳಿತದ್ದೇ ತಡ, ಮಾತು ಬಂತು. ಮೊದಲು ಅಥೆನ್ಸಿನವರ ಪಕ್ಷ ಹೇಳಿದೆ, ಅವರು ಹುಡುಕುತ್ತಿದ್ದುದನ್ನು ಗೌರವದಿಂದಲೇ ಹೇಳಿದೆ. ಕನ್ನಡ ಸರಿಯಾಗಿ ಬಾರದ ಮಕ್ಕಳು ಕೂಡ ಮೊಬೈಲು ಕೆಳಗಿಟ್ಟರು. ಇಪ್ಪತ್ತೈದು ನಿಮಿಷ ಹೋದದ್ದು ತಿಳಿಯಲಿಲ್ಲ.

ಮುಗಿದ ಮೇಲೆ ಬಾಗಿಲ ಬಳಿ ಸುಸನ್ನ ಬಾಯಿಯವರು ಕೈ ಹಿಡಿದು ಕೇಳಿದರು. "ಯಾರ ಹತ್ರ ಕಲಿತೆ ಮಗಾ ಇದನ್ನು?"

ಯಕ್ಷಗಾನದವರ ಹತ್ತಿರ ಎಂದರೆ ಏನೆಂದುಕೊಳ್ಳುತ್ತಾರೋ ಎಂಬ ಹೆದರಿಕೆ. ಹೊಗಳಿಕೆಯ ರುಚಿ ಬೇರೆ. "ಹಾಗೇ ಬಂತು ಬಾಯಿಯವರೇ, ದೇವರು ನುಡಿಸಿದ" ಎಂದುಬಿಟ್ಟೆ. ದೇವರ ಹೆಸರಿನ ಹಿಂದೆ ಶೇಖರಣ್ಣನನ್ನು ಅಡಗಿಸಿದೆ. ಕಾರಿನಲ್ಲಿ ಅವರು "ಹೇಗಾಯ್ತು?" ಎಂದಾಗ "ಪರವಾಗಿಲ್ಲ" ಎಂದೆ. ಎರಡು ತಿಂಗಳಿಗೆ ಅವರಿಗೆ ಅಲ್ ಖೋರಿಗೆ ವರ್ಗವಾಯಿತು. ನಾಚಿಕೆಯಿಂದ ನಾನು ಫೋನು ಮಾಡಲಿಲ್ಲ. ಮಾಡದೇ ಇದ್ದದ್ದಕ್ಕೆ ನಾಚಿಕೆ ಇನ್ನೂ ಬೆಳೆಯಿತು.

ಹೊಸ ಫ್ಲ್ಯಾಟಿನಲ್ಲಿ ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತು ಕೊನೆಗೂ ಫೋನು ಮಾಡಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡೆ.

"ಗೊತ್ತುಂಟು ಮಾರಾಯ್ರೆ" ಎಂದರು ಶೇಖರಣ್ಣ. "ಕಾರಲ್ಲಿ ಸೆಕೆ ತಡೀಲಿಕ್ಕಾಗದೆ ವರಾಂಡಕ್ಕೆ ಬಂದಿದ್ದೆ. ಎಲ್ಲ ಕೇಳಿದ್ದೇನೆ, ನಿಮ್ಮ ಆ ಉತ್ರ ಸಹ. ಮೊದ್ಲು ಸ್ವಲ್ಪ ಬೇಜಾರಾಯ್ತು, ಸುಳ್ಳು ಯಾಕೆ ಹೇಳ್ಲಿ. ಮತ್ತೆ ನೆನಪಾಯ್ತು, ನಿಮ್ಮ ಅಪೊಸ್ತಲನೂ ಕವಿಯ ಹೆಸ್ರು ಹೇಳ್ಳಿಲ್ಲ ಅಲ್ವಾ? 'ನಿಮ್ಮ ಕವಿಗಳಲ್ಲಿ ಕೆಲವರು ಹೇಳಿದ್ದಾರೆ' ಅಂದ, ಖಲಾಸ್. ಆ ಕವಿ ಕೋರ್ಟಿಗೆ ಹೋದ್ನಾ?" ಎಂದು ನಕ್ಕರು. "ಒಂದೇ ತಕರಾರು. ನಿಮ್ಮ ಅರ್ಥ ಕಡೆಕಡೆಗೆ ಉದ್ದ ಆಯ್ತು."

ಎದೆಯ ಮೇಲಿದ್ದ ಕಲ್ಲನ್ನು ಯಾರೋ ಇಳಿಸಿದ ಹಾಗಾಯಿತು. ಪೆಟ್ಟಿಗೆಯ ಮೇಲೆ ಕುಳಿತೇ ನಾನೂ ನಕ್ಕೆ, ಸ್ವಲ್ಪ ಅತ್ತೆ. ಬರುವ ಶುಕ್ರವಾರ ಬನ್ನಿ ಎಂದು ಹಟ ಹಿಡಿದೆ.

ಮೊನ್ನೆ ಶುಕ್ರವಾರ, ಪ್ರಕಟಣೆಗಳ ಹೊತ್ತಿನಲ್ಲಿ ಎದ್ದೆ. ಈ ಬಾರಿ ನಿಂತೇ ಹೇಳಿದೆ: "ನಾಲ್ಕು ವರ್ಷದ ಹಿಂದೆ ನಾನಾಡಿದ ಮಾತನ್ನು ಕಲಿಸಿದವರು ಶೇಖರಣ್ಣ. ತಾಳಮದ್ದಳೆಯ ಅರ್ಥಧಾರಿ. ಅಂದು ನಾನು ಅವರ ಹೆಸರನ್ನು ಮುಚ್ಚಿಟ್ಟೆ."

ಸುಸನ್ನ ಬಾಯಿಯವರು ಕನ್ನಡಕ ಸರಿಮಾಡಿಕೊಂಡರು. "ನೀನು ಕೂತ ಕೂಡ್ಲೆ ಗೊತ್ತಾಗಿತ್ತು ಮಗಾ. ನಮ್ಮ ಅಮ್ಮನಿಗೆ ತಿಳಿಯದ ಹಾಗೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಎಷ್ಟು ತಾಳಮದ್ದಳೆಗೆ ಹೋಗಿದ್ದಾರೆ! ನೀನು ಯಾವಾಗ ಹೇಳ್ತಿ ಅಂತ ಕಾಯ್ತಾ ಇದ್ದೆ. ಈಗ ಎಲ್ಲಿದ್ದಾರೆ ಅವರು?"

"ವರಾಂಡದಲ್ಲಿ."

"ವರಾಂಡದಲ್ಲಿ ಎಂತಕ್ಕೆ?" ಎಂದು ಗದರಿ, ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲವನ್ನು ಎತ್ತಿ ಮಡಿಲಿಗಿಟ್ಟುಕೊಂಡರು.

ನಾನು ಬಾಗಿಲು ತೆರೆದೆ. ಶೇಖರಣ್ಣ ಗೋಡೆಗೊರಗಿ ನಿಂತಿದ್ದರು. "ಮುಗೀತಾ?" ಎಂದರು.

"ಇಲ್ಲ, ಒಳಗೆ ಬನ್ನಿ" ಎಂದೆ. "ನಿಮಗೆ ಜಾಗ ಹಿಡಿದಿದ್ದಾರೆ."